ತಿಂಗಳ 20ಕ್ಕೇ ಕೈ ಬರಿದಾಗುತ್ತದೆ ಎಂದವರಿಗೆ

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಮೈಸೂರಿನಲ್ಲಿ ಬಾಡಿಗೆ ಮನೆ, ಶಾಲೆಗೆ ಹೋಗುವ ಇಬ್ಬರು ಮಕ್ಕಳು, ಜೊತೆಗೆ ವಯಸ್ಸಾದ ಅತ್ತೆ, ತಿಂಗಳಿಗೆ 38,000 ರೂಪಾಯಿ ವರಮಾನ. ದುಂದು ಮಾಡುತ್ತಿಲ್ಲ, ಆದರೂ 20ನೇ ತಾರೀಖಿಗೆ ಕೈ ಬರಿದಾಗುತ್ತದೆ, ಎಲ್ಲಿ ಕಡಿಮೆ ಮಾಡಲಿ, ಬೀದಿಯವರು ನಡೆಸುವ ಚೀಟಿಗೆ ಸೇರಲೇ ಎಂದು ಕೇಳಿದ್ದೀರಿ. ನಾನೂ ಇದೇ ಊರಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ಸಂಸಾರ ನಡೆಸುತ್ತಿರುವವಳು. 2020ರಲ್ಲಿ ನಮ್ಮ ಯಜಮಾನರ ಸಂಬಳ ಐದು ತಿಂಗಳು ಅರ್ಧಕ್ಕೆ ಇಳಿದಿತ್ತು. ಆಗ ಕಲಿತದ್ದನ್ನು ಹೇಳುತ್ತೇನೆ.

ಖರ್ಚು ಬರೆದಿಡು ಎಂದು ಎಲ್ಲರೂ ಹೇಳುತ್ತಾರೆ. ನಾನೂ ಬರೆದೆ. ಮೊದಲ ತಿಂಗಳು ಬರೀ ಮೊತ್ತಗಳನ್ನು ನೋಡುತ್ತಿದ್ದೆ, ಏನೂ ಹೊಳೆಯಲಿಲ್ಲ. 40 ರೂಪಾಯಿ, 65 ರೂಪಾಯಿ, 110 ರೂಪಾಯಿ. ಯಾವುದನ್ನು ಬಿಡುವುದು? ಎರಡನೇ ತಿಂಗಳು ಮೊತ್ತ ಬಿಟ್ಟು ಎಷ್ಟು ಸಲ ಎಂದು ಎಣಿಸಿದೆ. ಬೀದಿ ಕೊನೆಯ ಅಂಗಡಿಗೆ ಮನೆಮಂದಿಯೆಲ್ಲ ಸೇರಿ 47 ಸಲ ಹೋಗಿದ್ದೆವು. ಕೊತ್ತಂಬರಿ ಸೊಪ್ಪಿಗೆಂದು ಹೋದವರು ಬಿಸ್ಕತ್ತು ತಂದಿದ್ದರು, ಮೊಸರಿಗೆ ಹೋದವರು ಕುರುಕಲು ತಂದಿದ್ದರು. ಆ 47 ಸಲಕ್ಕೆ ಆದದ್ದು 5,640 ರೂಪಾಯಿ. ಯಾವ ಸಾಮಾನಿಗೆ ಹೋಗಿದ್ದೆವೋ ಅದಕ್ಕೆ ಆದದ್ದು 2,300ರ ಆಸುಪಾಸು. ಮಿಕ್ಕದ್ದು ಅಂಗಡಿಯ ಮುಂದೆ ನಿಂತ ಹೊತ್ತಿನಲ್ಲಿ ಹೋದ ಹಣ.

ಆದ್ದರಿಂದ ನಾನು ಮೊದಲು ಹೇಳುವುದು ಇದನ್ನೇ: ಕೊಳ್ಳುವ ಸಲಗಳನ್ನು ಕಡಿಮೆ ಮಾಡಿ, ಕೊಳ್ಳುವ ಕಾಲವನ್ನು ಬದಲಿಸಿ. ಮಕ್ಕಳ ಹಾಲು, ಮೊಟ್ಟೆ, ಹಣ್ಣಿಗೆ ಕತ್ತರಿ ಹಾಕಬೇಡಿ. ಉಳಿತಾಯ ಎಂದರೆ ತಟ್ಟೆಯಲ್ಲಿ ಕಡಿಮೆ ಬಡಿಸುವುದು ಎಂದು ತಿಳಿದು ಹೆಂಗಸರು ಮೊದಲು ತಮ್ಮ ಊಟವನ್ನೇ ಕಡಿಮೆ ಮಾಡಿಕೊಳ್ಳುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ದಯವಿಟ್ಟು ಅದನ್ನು ಮಾಡಬೇಡಿ.

ನಮ್ಮ ಅಡುಗೆಮನೆಯ ಬಾಗಿಲಿಗೆ ಮಗನ ಹಳೆಯ ಸ್ಲೇಟು ನೇತುಹಾಕಿದ್ದೇನೆ. ಏನೇ ಮುಗಿಯುತ್ತ ಬಂದರೂ ಅಲ್ಲಿ ಬರೆಯಬೇಕು. ಅಂಗಡಿಗೆ ಹೋಗುವುದು ಶನಿವಾರ ಒಂದೇ ದಿನ. ಹಾಲು ಮತ್ತು ಔಷಧಿ ಬಿಟ್ಟು ಬೇರೇನೇ ಆದರೂ ಶನಿವಾರದವರೆಗೆ ಕಾಯಬೇಕು. ಮೊದಲ ಮೂರು ವಾರ ಮನೆಯಲ್ಲಿ ಗೊಣಗಾಟ ಇತ್ತು, ಆಮೇಲೆ ರೂಢಿಯಾಯಿತು. ಟೊಮೆಟೊ ಮುಗಿದಿದೆಯೇ, ಆ ದಿನ ಹುಣಸೆಹಣ್ಣಿನ ಸಾರು. ತರಕಾರಿ ಮುಗಿದಿದೆಯೇ, ಹುರುಳಿ ಸಾರು ಅಥವಾ ಮಜ್ಜಿಗೆ ಹುಳಿ. ಬಸ್ಸಾರಂತೂ ಈ ವಿಷಯದಲ್ಲಿ ನಮ್ಮ ಕಡೆಯವರ ದೊಡ್ಡ ಬುದ್ಧಿವಂತಿಕೆ. ಒಂದು ಕಟ್ಟು ಸೊಪ್ಪು, ಒಂದು ಪಾವು ಕಾಳು ಬೇಯಿಸಿದರೆ ಬಸಿದ ನೀರು ಸಾರಾಗುತ್ತದೆ, ಉಳಿದದ್ದು ಪಲ್ಯವಾಗುತ್ತದೆ. 2023ರ ಜುಲೈಯಲ್ಲಿ ಟೊಮೆಟೊ ಕಿಲೋಗೆ ನೂರು ರೂಪಾಯಿ ದಾಟಿದಾಗ ನಮ್ಮ ಮನೆಗೆ ಹೆಚ್ಚು ಬಿಸಿ ತಟ್ಟದಿದ್ದುದು ಈ ರೂಢಿಯಿಂದಲೇ.

ಮೊಬೈಲಿನಿಂದ ಹಣ ಕೊಡುವುದು ಅನುಕೂಲ ನಿಜ, ಆದರೆ ವಾರದ ತರಕಾರಿ ಮತ್ತು ಚಿಲ್ಲರೆ ಖರ್ಚಿಗೆ ನಾನು ನೋಟುಗಳನ್ನೇ ಬಳಸುತ್ತೇನೆ. ಶನಿವಾರ ಬೆಳಿಗ್ಗೆ 1,500 ರೂಪಾಯಿ ಡಬ್ಬಿಗೆ ಹಾಕುತ್ತೇನೆ. ಬುಧವಾರ ಡಬ್ಬಿ ತೆರೆದಾಗ ಎಷ್ಟು ಉಳಿದಿದೆ ಎಂಬುದು ಕಣ್ಣಿಗೆ ಕಾಣುತ್ತದೆ. ಹತ್ತು ನಿಮಿಷದಲ್ಲಿ ಮನೆ ಬಾಗಿಲಿಗೆ ಸಾಮಾನು ತರುವ ಆ್ಯಪ್‌ಗಳನ್ನು ಮಗಳ ಫೋನಿನಿಂದಲೂ ತೆಗೆಸಿದೆ. ಅವು ಅಂಗಡಿಯನ್ನು ಅಂಗೈಗೇ ತಂದು ಬಿಡುತ್ತವೆ, ಆಗ 47 ಸಲ 60 ಆಗುತ್ತದೆ.

ಇನ್ನು ಕೊಳ್ಳುವ ಕಾಲದ ಮಾತು. ಇದನ್ನು ನನಗೆ ಕಲಿಸಿದವರು ನನ್ನ ಅತ್ತೆ. ನಂಜನಗೂಡಿನ ಕಡೆಯ ಹಳ್ಳಿಯಲ್ಲಿ ಬೆಳೆದವರು. ವರ್ಷದ ಸಾಮಾನು ಎಂಬ ಮಾತು ಅವರ ಬಾಯಲ್ಲಿ ಆಗಾಗ ಬರುತ್ತಿತ್ತು, ನಾನು ಅದನ್ನು ಹಳೆಯ ಕಾಲದ್ದೆಂದು ತಳ್ಳಿಹಾಕಿದ್ದೆ. ಹೊಸ ತೊಗರಿ ಬರುವುದು ಡಿಸೆಂಬರ್, ಜನವರಿಯಲ್ಲಿ. ಒಣ ಮೆಣಸಿನಕಾಯಿ ಜನವರಿಯಿಂದ ಮಾರ್ಚ್. ಹುಣಸೆ ಬಿಡಿಸಿ ಮಾರುವುದು ಮಾರ್ಚ್, ಏಪ್ರಿಲ್. ರಾಗಿ ಸುಗ್ಗಿ ಕಾರ್ತಿಕ ಕಳೆಯುತ್ತಿದ್ದಂತೆ. ಈಗ ನಾವು ಮೂರು ಮನೆಯವರು ಸೇರಿ ಫೆಬ್ರುವರಿಯಲ್ಲಿ ಸಂತೆಪೇಟೆಗೆ ಹೋಗಿ 50 ಕಿಲೋ ತೊಗರಿಬೇಳೆಯ ಮೂಟೆ ತಂದು ಹಂಚಿಕೊಳ್ಳುತ್ತೇವೆ. ಸಗಟು ಅಂಗಡಿಯಲ್ಲಿ ಮೂಟೆಗೆ ಹೇಳುವ ದರಕ್ಕೂ ನಮ್ಮ ಬೀದಿಯಲ್ಲಿ ಅರ್ಧ ಕಿಲೋ ಪೊಟ್ಟಣದ ದರಕ್ಕೂ ಕಳೆದ ಸಲ ಕಿಲೋಗೆ 28 ರೂಪಾಯಿ ಅಂತರ ಇತ್ತು. ಹೋಗಿ ಬರುವ ಖರ್ಚೂ ಇಲ್ಲ: 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದಾಗಿನಿಂದ ನಗರದ ಬಸ್ಸಿನಲ್ಲಿ ನಮಗೆ ಶೂನ್ಯ ಟಿಕೆಟ್.

ಬೇಳೆಯನ್ನು ಎರಡು ದಿನ ಬಿಸಿಲಿಗೆ ಹಾಕಿ, ಪೂರ್ತಿ ಆರಿದ ಮೇಲೆ ಒಣ ಬೇವಿನ ಎಲೆ, ನಾಲ್ಕು ಒಣ ಮೆಣಸಿನಕಾಯಿ ಇಟ್ಟು ಮುಚ್ಚಿದರೆ ಹುಳು ಬೀಳುವುದಿಲ್ಲ. ಹುಣಸೆಹಣ್ಣಿಗೆ ಬೀಜ ತೆಗೆದು ಉಪ್ಪು ಬೆರೆಸಿ ಒತ್ತಿಡಬೇಕು. ಬ್ಯಾಡಗಿ ಮೆಣಸಿನಕಾಯಿ ಬಣ್ಣಕ್ಕೆ, ಗುಂಟೂರು ಖಾರಕ್ಕೆ ಎಂದು ಬೆರೆಸಿ ಬೇಸಿಗೆಯಲ್ಲೇ ಸಾರಿನ ಪುಡಿ ಮಾಡಿಸುತ್ತೇನೆ. ರಾಗಿ ಕಾಳು ವರ್ಷಗಟ್ಟಲೆ ಕೆಡುವುದಿಲ್ಲ, ಹಿಟ್ಟು ಮಾತ್ರ ಮುಗ್ಗಲಾಗುತ್ತದೆ. ಹಾಗಾಗಿ ಕಾಳು ತಂದಿಟ್ಟು, ತಿಂಗಳಿಗೆ ಬೇಕಾದಷ್ಟನ್ನೇ ಗಿರಣಿಗೆ ಹಾಕಿಸಿ. ಇದೇ ಉತ್ಸಾಹದಲ್ಲಿ ಒಂದು ವರ್ಷ ಗೋಧಿಹಿಟ್ಟನ್ನೂ ಹೆಚ್ಚು ತಂದು ಅರ್ಧದಷ್ಟು ಹಾಳಾಯಿತು. ಎಣ್ಣೆ, ಸಕ್ಕರೆ, ಬಿಸ್ಕತ್ತನ್ನೂ ಹೆಚ್ಚು ತರುವುದಿಲ್ಲ. ಇವು ಮನೆಯಲ್ಲಿ ಹೆಚ್ಚು ಇದ್ದಷ್ಟೂ ಕೈ ಧಾರಾಳವಾಗುತ್ತದೆ.

ದೊಡ್ಡ ಅಂಗಡಿಯಲ್ಲಿ ಕೊಳ್ಳುವಾಗ ಬೆಲೆಗಿಂತ ಮೊದಲು ತೂಕ ನೋಡಿ. ಒಂದು ಲೀಟರ್ ಸೂರ್ಯಕಾಂತಿ ಎಣ್ಣೆ ಎಂದರೆ ಸುಮಾರು 910 ಗ್ರಾಂ. ಈಗ ಅದೇ ಗಾತ್ರದ ಪೊಟ್ಟಣದಲ್ಲಿ 850, 800 ಗ್ರಾಂ ತುಂಬಿದವೂ ಬರುತ್ತವೆ, ಬೆಲೆ ಹತ್ತು ರೂಪಾಯಿ ಕಡಿಮೆ ಎಂದು ನಾವು ಅದನ್ನೇ ಎತ್ತಿಕೊಳ್ಳುತ್ತೇವೆ. ಪೊಟ್ಟಣದ ಮೇಲೆ ಗರಿಷ್ಠ ಬೆಲೆಯ ಹತ್ತಿರವೇ ಒಂದು ಗ್ರಾಮಿಗೆ ಎಷ್ಟು ಎಂಬುದೂ ಸಣ್ಣ ಅಕ್ಷರದಲ್ಲಿ ಇರುತ್ತದೆ, ಹೋಲಿಸಬೇಕಾದದ್ದು ಅದನ್ನು. ಅಕ್ಕಿ ಚೀಲ 26 ಕಿಲೋದ್ದು ಏಕೆ ಬರುತ್ತದೆ ಎಂದು ನನಗೂ ಬಹಳ ದಿನ ತಿಳಿದಿರಲಿಲ್ಲ. 2022ರ ಜುಲೈ 18ರಿಂದ 25 ಕಿಲೋವರೆಗಿನ ಪ್ಯಾಕ್ ಮಾಡಿದ ಅಕ್ಕಿಗೆ ಶೇ. 5 ಜಿಎಸ್‌ಟಿ ಇದೆ, ಅದಕ್ಕಿಂತ ದೊಡ್ಡ ಚೀಲಕ್ಕೆ ಇಲ್ಲ. ನಾಲ್ಕೈದು ಜನರ ಮನೆಗೆ 26 ಕಿಲೋ ಚೀಲವೇ ಸರಿ.

ಅಡುಗೆ ಅನಿಲದ ವಿಷಯದಲ್ಲಿ ದೊಡ್ಡ ಉಪಾಯವೇನಿಲ್ಲ. ಬೇಳೆ, ಅಕ್ಕಿಯನ್ನು ಅರ್ಧ ಗಂಟೆ ನೆನೆಸಿ. ಕುಕ್ಕರಿನಲ್ಲಿ ಅನ್ನ, ಬೇಳೆ, ತರಕಾರಿಯ ಪಾತ್ರೆಗಳನ್ನು ಒಂದರ ಮೇಲೊಂದು ಇಟ್ಟು ಒಟ್ಟಿಗೆ ಬೇಯಿಸಿ, ಮೊದಲ ಸೀಟಿ ಬಂದ ಮೇಲೆ ಉರಿ ಸಣ್ಣದು ಮಾಡಿ. ಉರಿ ನೀಲಿಯಾಗಿರಬೇಕು, ಹಳದಿಯಾಗಿ ಪಾತ್ರೆಯ ತಳ ಕಪ್ಪಾಗುತ್ತಿದ್ದರೆ ಬರ್ನರ್ ಕಟ್ಟಿಕೊಂಡಿದೆ ಎಂದರ್ಥ, ಬಿಚ್ಚಿ ತೊಳೆಯಿರಿ. ಸಿಲಿಂಡರ್ ಹಾಕಿದ ದಿನ ಕ್ಯಾಲೆಂಡರಿನಲ್ಲಿ ಗುರುತು ಮಾಡುತ್ತೇನೆ. 14.2 ಕಿಲೋ ಸಿಲಿಂಡರ್ ಮೊದಲು ನಮಗೆ 38 ದಿನ ಬರುತ್ತಿತ್ತು, ಈಗ 50 ದಿನದ ಮೇಲೆ ಬರುತ್ತದೆ.

ವಿದ್ಯುತ್ತಿನದು ಬೇರೆ ಲೆಕ್ಕ, ಇಲ್ಲಿ ತಪ್ಪಿದರೆ ಒಂದೇ ಏಟಿಗೆ ಸಾವಿರಕ್ಕೂ ಹೆಚ್ಚು ಹೋಗುತ್ತದೆ. ಗೃಹಜ್ಯೋತಿಯಲ್ಲಿ 200 ಯೂನಿಟ್ ಉಚಿತ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಆ ಮನೆಯ 2022-23ರ ತಿಂಗಳ ಸರಾಸರಿ ಬಳಕೆ, ಅದರ ಮೇಲೆ ಶೇ. 10, ಅಷ್ಟೇ ಹೆಚ್ಚಿನ ಮನೆಗಳಿಗೆ ಸಿಗುವ ಉಚಿತ ಪಾಲು. ನಿಮ್ಮ ಮನೆಯ ಪಾಲು 140 ಯೂನಿಟ್ ಎಂದು ಇಟ್ಟುಕೊಳ್ಳೋಣ. 160 ಬಳಸಿದರೆ 20 ಯೂನಿಟ್‌ಗೆ ಮಾತ್ರ ಹಣ ಕಟ್ಟುತ್ತೀರಿ. 201 ಬಳಸಿದರೆ ಆ ತಿಂಗಳು ಉಚಿತವೇ ಇಲ್ಲ, ಪೂರ್ತಿ 201 ಯೂನಿಟ್‌ಗೂ ಬಿಲ್ ಬರುತ್ತದೆ. ಆದ್ದರಿಂದ ಬಿಲ್ಲಿನಲ್ಲಿ ನಿಮ್ಮ ಪಾಲು ಎಷ್ಟೆಂದು ನೋಡಿಕೊಳ್ಳಿ. ಮೀಟರ್ ಓದುವವರು ಬಂದು ಹೋದ ದಿನದಿಂದ ವಾರಕ್ಕೊಮ್ಮೆ ನೀವೇ ಮೀಟರಿನ ಅಂಕಿ ಬರೆದಿಡಿ. ಎರಡು ವಾರಕ್ಕೆ 100 ದಾಟಿದ್ದರೆ ಎಚ್ಚರ ವಹಿಸಬೇಕು. ಬಾಡಿಗೆದಾರರಿಗೂ ಯೋಜನೆ ಉಂಟು. ಮನೆ ಬದಲಿಸಿದ್ದರೆ ಹಳೆಯ ಮನೆಯ ಆರ್‌ಆರ್ ಸಂಖ್ಯೆಯಿಂದ (ಬಿಲ್ಲಿನಲ್ಲಿರುವ ವಿದ್ಯುತ್ ಸಂಪರ್ಕದ ಸಂಖ್ಯೆ) ನಿಮ್ಮ ಆಧಾರ್ ಜೋಡಣೆ ಬಿಡಿಸಿ, ಹೊಸ ಮನೆಗೆ ಸೇವಾ ಸಿಂಧುವಿನಲ್ಲಿ ನೋಂದಾಯಿಸಬೇಕು. ಇದನ್ನು ಮಾಡದೆ ತಿಂಗಳುಗಟ್ಟಲೆ ಪೂರ್ತಿ ಬಿಲ್ ಕಟ್ಟಿದವರು ನಮ್ಮ ಬೀದಿಯಲ್ಲೇ ಇದ್ದಾರೆ.

ಯೂನಿಟ್‌ಗಳನ್ನು ನುಂಗುವುದು ದೀಪಗಳಲ್ಲ, ಗೀಸರ್. 2,000 ವ್ಯಾಟ್ ಗೀಸರ್ ಒಂದು ಗಂಟೆ ಉರಿದರೆ 2 ಯೂನಿಟ್, ತಿಂಗಳಿಗೆ 60. ಹದಿನೈದು ಲೀಟರ್ ನೀರು ಕಾಯಲು ಇಪ್ಪತ್ತು ನಿಮಿಷ ಸಾಕು. ಕಾದ ಮೇಲೆ ಸ್ವಿಚ್ ಆರಿಸಿ, ಒಬ್ಬರ ಹಿಂದೆ ಒಬ್ಬರು ಸ್ನಾನಕ್ಕೆ ಹೋಗಲಿ. ಎರಡನೆಯದು ಹಳೆಯ ಫ್ಯಾನು. ಹಳೆಯ ಫ್ಯಾನ್ 75 ವ್ಯಾಟ್ ಎಳೆಯುತ್ತದೆ, ಬಿಎಲ್‌ಡಿಸಿ ಎಂದು ಬರುವ ಹೊಸ ಬಗೆಯದು 30ರ ಆಸುಪಾಸು. ಮೂರು ಫ್ಯಾನು ದಿನಕ್ಕೆ ಹತ್ತು ಗಂಟೆ ತಿರುಗಿದರೆ ತಿಂಗಳಿಗೆ 40 ಯೂನಿಟ್ ವ್ಯತ್ಯಾಸ. ಒಂದೇ ಸಲ ಮೂರನ್ನೂ ಬದಲಿಸಬೇಡಿ, ಹೆಚ್ಚು ಹೊತ್ತು ತಿರುಗುವುದನ್ನು ಮೊದಲು ಬದಲಿಸಿ. ಬಾಡಿಗೆ ಮನೆಯಾದರೆ ಬಿಟ್ಟು ಹೋಗುವಾಗ ಬಿಚ್ಚಿಕೊಂಡು ಹೋಗುತ್ತೇವೆ ಎಂದು ಮಾಲೀಕರಿಗೆ ಮೊದಲೇ ಹೇಳಿಡಿ.

ನಿಮ್ಮ ಅತ್ತೆಯವರಿಗೆ ರಕ್ತದೊತ್ತಡ, ಸಕ್ಕರೆ ಕಾಯಿಲೆ ಎರಡೂ ಇವೆ ಎಂದು ಬರೆದಿದ್ದೀರಿ. ನಿಮ್ಮ ಮನೆಯಲ್ಲಿ ಎಲ್ಲಕ್ಕಿಂತ ಬೇಗ ಹಣ ಉಳಿಯುವುದು ಇಲ್ಲಿಯೇ ಎಂದು ನನಗೆ ಅನ್ನಿಸುತ್ತದೆ. ವೈದ್ಯರನ್ನು ಕಂಡಾಗ ಮಾತ್ರೆಯ ಮೂಲ ಔಷಧಿಯ ಹೆಸರನ್ನೇ ಬರೆದುಕೊಡಿ ಎಂದು ಕೇಳಿ. ಮೆಟ್‌ಫಾರ್ಮಿನ್, ಆಮ್ಲೋಡಿಪಿನ್, ಟೆಲ್ಮಿಸಾರ್ಟನ್‌ನಂಥ ದಿನನಿತ್ಯದ ಮಾತ್ರೆಗಳು ಜನೌಷಧಿ ಕೇಂದ್ರಗಳಲ್ಲಿ ಅರ್ಧಕ್ಕಿಂತ ಕಡಿಮೆ ಬೆಲೆಗೆ ಸಿಗುತ್ತವೆ. ನನ್ನ ಅತ್ತೆಯ ತಿಂಗಳ ಮಾತ್ರೆಗೆ 1,350 ರೂಪಾಯಿ ಆಗುತ್ತಿತ್ತು, ಈಗ 400 ದಾಟುವುದಿಲ್ಲ. ಬದಲಿಸುವಾಗ ಔಷಧಿಯ ಹೆಸರಿನ ಜೊತೆ ಮಿಲಿಗ್ರಾಂ ಕೂಡ ಅದೇ ಇದೆಯೇ, ನಿಧಾನವಾಗಿ ಕರಗುವ ಬಗೆಯ ಮಾತ್ರೆಯಾದರೆ ಅದೂ ಅದೇ ಇದೆಯೇ ನೋಡಿ. ಥೈರಾಯಿಡ್ ಮಾತ್ರೆಯನ್ನು ಮಾತ್ರ ವೈದ್ಯರನ್ನು ಕೇಳದೆ ಒಂದು ಕಂಪನಿಯದರಿಂದ ಇನ್ನೊಂದಕ್ಕೆ ಬದಲಿಸಬೇಡಿ. ಹಣ ಉಳಿಸಲೆಂದು ದಿನ ಬಿಟ್ಟು ದಿನ ಮಾತ್ರೆ ನುಂಗುವ ಹಿರಿಯರಿದ್ದಾರೆ. ನಿಮ್ಮ ಅತ್ತೆ ಹಾಗೆ ಮಾಡುತ್ತಿಲ್ಲವೇ ಎಂದು ಮೆಲ್ಲಗೆ ವಿಚಾರಿಸಿ.

ಚೀಟಿಯ ಬಗ್ಗೆ ಹೇಳುವಾಗ ನನಗೆ ಇಂದಿಗೂ ಸಂಕಟವಾಗುತ್ತದೆ. 2016ರಲ್ಲಿ ಪರಿಚಯದವರೊಬ್ಬರು ನಡೆಸುತ್ತಿದ್ದ ಚೀಟಿಗೆ ತಿಂಗಳಿಗೆ 2,000ದಂತೆ ಹದಿನಾಲ್ಕು ತಿಂಗಳು ಕಟ್ಟಿದೆ. ಅವರು ಒಂದು ರಾತ್ರಿ ಮನೆ ಖಾಲಿ ಮಾಡಿ ಹೋದರು. ನನ್ನ ಬಳಿ ಇದ್ದದ್ದು ಅವರ ಕೈಬರಹದ ಒಂದು ಪುಸ್ತಕ ಮಾತ್ರ. ಚೀಟಿ ಎಂಬುದೇ ಕೆಟ್ಟದ್ದು ಎಂದು ನಾನು ಹೇಳುವುದಿಲ್ಲ. 1982ರ ಚೀಟಿ ನಿಧಿ ಕಾಯಿದೆಯ ಪ್ರಕಾರ ನೋಂದಣಿಯಾದ ಚೀಟಿಗಳಿವೆ, ರಾಜ್ಯ ಸರ್ಕಾರದ ಎಂಎಸ್‌ಐಎಲ್ ಕೂಡ ನಡೆಸುತ್ತದೆ. ಬೀದಿಯವರನ್ನು ನೋಂದಣಿ ಸಂಖ್ಯೆ ಕೇಳಿ. ಅದಿಲ್ಲದಿದ್ದರೆ ಎಷ್ಟೇ ಒಳ್ಳೆಯವರಾದರೂ ಸೇರಬೇಡಿ. ನೆರೆಯವರು ಬೇಸರಪಟ್ಟುಕೊಂಡರೆ ಪಟ್ಟುಕೊಳ್ಳಲಿ.

ಅದರ ಬದಲು ಅಂಚೆ ಕಚೇರಿಯಲ್ಲಿ ಆರ್‌ಡಿ, ಅಂದರೆ ತಿಂಗಳ ಕಂತಿನ ಉಳಿತಾಯ ಖಾತೆ, ತೆರೆಯಿರಿ. ತಿಂಗಳಿಗೆ 100 ರೂಪಾಯಿಯಿಂದಲೂ ಶುರುಮಾಡಬಹುದು, ಅವಧಿ 5 ವರ್ಷ. ಶೇ. 6.7ರ ಬಡ್ಡಿಯಲ್ಲಿ ತಿಂಗಳಿಗೆ 2,000 ಕಟ್ಟಿದರೆ ಕೊನೆಗೆ 1,42,000 ರೂಪಾಯಿ ದಾಟುತ್ತದೆ, ಅದರಲ್ಲಿ ನೀವು ಕಟ್ಟಿದ್ದು 1,20,000. ಹನ್ನೆರಡು ಕಂತು ಕಟ್ಟಿದ ಮೇಲೆ ಕಟ್ಟಿದ ಹಣದ ಅರ್ಧದಷ್ಟು ಸಾಲವೂ ಸಿಗುತ್ತದೆ, ಕಷ್ಟಕಾಲಕ್ಕೆ ಯಾರ ಮುಂದೆಯೂ ನಿಲ್ಲಬೇಕಾಗಿಲ್ಲ. ಗೃಹಲಕ್ಷ್ಮಿಯ 2,000 ನಿಮ್ಮ ಮನೆಗೆ ಬರುತ್ತಿದ್ದರೆ ಅದನ್ನು ನಂಬಿ ಕಂತು ನಿಗದಿ ಮಾಡಬೇಡಿ, ಅದು ಪ್ರತಿ ತಿಂಗಳು ಒಂದೇ ದಿನ ಬರುವುದಿಲ್ಲ. ಬಂದಾಗ ವರ್ಷದ ಸಾಮಾನಿಗೆ ತೆಗೆದಿಡಿ.

ನಿಮ್ಮ ಸ್ಥಿತಿಯಲ್ಲಿ ಮೊದಲ ಖಾತೆಯನ್ನು 500 ರೂಪಾಯಿಯಿಂದ ಶುರುಮಾಡಿ ಎನ್ನುತ್ತೇನೆ. ಸಂಬಳ ಬಂದ ಮರುದಿನವೇ ಕಟ್ಟಿಬಿಡಿ, 20ನೇ ತಾರೀಖಿನವರೆಗೆ ಕಾಯಬೇಡಿ. ಆಧಾರ್, ಪಾನ್ ಕಾರ್ಡ್, ಎರಡು ಫೋಟೊ ತೆಗೆದುಕೊಂಡು ಅಂಚೆ ಕಚೇರಿಗೆ ಹೋಗುವಾಗ ಅತ್ತೆಯವರ ಔಷಧಿ ಚೀಟಿಯನ್ನೂ ಜೊತೆಗಿಟ್ಟುಕೊಳ್ಳಿ, ಬರುವ ದಾರಿಯಲ್ಲಿ ಜನೌಷಧಿ ಕೇಂದ್ರಕ್ಕೂ ಹೋಗಿ ಬನ್ನಿ.