ಸುಲಭದ ಬಿಲ್ಲು

ಬಸವನಗುಡಿಯ ಓದುಗರೊಬ್ಬರ ಪತ್ರ: ‘ಮಗ ಅಮೆರಿಕದ ಒಹಾಯೋದಲ್ಲಿದ್ದಾನೆ. ಗೆಳೆಯರ ಜೊತೆ ಜಿಂಕೆ ಬೇಟೆಯ ಹುಚ್ಚು ಹತ್ತಿದೆ. ಕ್ರಾಸ್‌ಬೋ (ಬಂದೂಕಿನ ಹಾಗೆ ಹಿಡಿಯುವ ಅಡ್ಡಬಿಲ್ಲು) ತಗೊಳ್ತೀನಿ, ಒಂದೇ ದಿನದಲ್ಲಿ ಕಲೀಬಹುದು ಅನ್ನುತ್ತಾನೆ. ಹಳೇ ಬಿಲ್ಲುಬಾಣಕ್ಕಿಂತ ಅದೇ ವಾಸಿ ಅಲ್ವಾ?’

ಸಂ: ಸ್ವಾಮಿ, ಕೇಳಬಾರದವನನ್ನು ಕೇಳಿಬಿಟ್ಟಿರಿ. ಇನ್ನು ಪೂರ್ತಿ ಕೇಳಿಸಿಕೊಳ್ಳಬೇಕು.

ನಮ್ಮಲ್ಲಾದರೆ 1972ರ ವನ್ಯಜೀವಿ ಕಾಯ್ದೆ ಇದೆ, ಯಾವ ಬಿಲ್ಲು ಹಿಡಿದು ಬೇಟೆಯಾಡಿದರೂ ಜೈಲೇ. ಅಲ್ಲಿ ಲೈಸೆನ್ಸ್ ಉಂಟು, ಸೀಸನ್ ಉಂಟು. ಸರಿ, ಬೇಟೆ ತಪ್ಪೋ ಸರಿಯೋ ಅನ್ನುವುದು ಇನ್ನೊಂದು ದಿನಕ್ಕಿರಲಿ.

ಕ್ರಾಸ್‌ಬೋಗೂ ನ್ಯಾಯ ಹೇಳಬೇಕು. ಭುಜ ನೋವಿನವರಿಗೆ, ವಯಸ್ಸಾದವರಿಗೆ ಅದು ಅನುಕೂಲ. ಹೆದೆಯನ್ನು ಒಮ್ಮೆ ಎಳೆದು ಸಿಕ್ಕಿಸಿದರೆ ತಾನೇ ನಿಂತಿರುತ್ತದೆ. ಮೇಲೊಂದು ದುರ್ಬೀನು, ಕೆಳಗೊಂದು ಟ್ರಿಗರ್. ಒಪ್ಪಿದೆ. ನಿಮ್ಮ ಮಗನಿಗೆ ಭುಜ ಚೆನ್ನಾಗಿದೆ ತಾನೇ?

ಬಿಲ್ಲಿನವನ ಪಾಡು ನೋಡಿ. 45 ಪೌಂಡಿನ ಬಿಲ್ಲೆಂದರೆ ಸುಮಾರು 20 ಕೆ.ಜಿ. ಭಾರವನ್ನು ಮೂರು ಬೆರಳಲ್ಲಿ ಎಳೆದಂತೆ. ಅದೂ ಜಿಂಕೆ ತಲೆ ಆಚೆ ತಿರುಗಿಸಿದಾಗಲೇ ಎಳೆಯಬೇಕು. ಮೊಣಕೈ ಅಲುಗಿದ್ದು ಕಂಡಿತೋ, ಮುಗೀತು. 20 ಗಜ ಅಂದರೆ 60 ಅಡಿ. ಬಾಣ ಸೆಕೆಂಡಿಗೆ 180 ಅಡಿ ಹೋದರೂ ಸೆಕೆಂಡಿನ ಮೂರನೇ ಒಂದು ಪಾಲು ಬೇಕು. ಹೆದೆಯ ಸದ್ದು ಸೆಕೆಂಡಿಗೆ ಸುಮಾರು 1,100 ಅಡಿ ಓಡುತ್ತದೆ, ಬಾಣಕ್ಕೆ ಮೊದಲೇ ಕಿವಿ ಮುಟ್ಟುತ್ತದೆ. ಜಿಂಕೆ ನೆಗೆಯಲು ಮೈ ಕುಗ್ಗಿಸುತ್ತದೆ, ಬಾಣ ಬೆನ್ನ ಮೇಲೆ ಹಾದುಹೋಗುತ್ತದೆ. ಸೆಕೆಂಡಿಗೆ 350 ಅಡಿ ದಾಟುವ ಕ್ರಾಸ್‌ಬೋಗೂ ಸದ್ದನ್ನು ಸೋಲಿಸಲಾಗದು. ಬಿಲ್ಲಿನವನಿಗೆ ಇದು ಗೊತ್ತು. ಅದಕ್ಕೇ ಗಾಳಿ ನೋಡಿಕೊಂಡು ಹತ್ತಿರ ಹೋಗುತ್ತಾನೆ. ದುರ್ಬೀನಿನವನಿಗೆ ದೂರದ ಆಸೆ.

ನಾನೂ ಬಿಲ್ಲು ಹಿಡಿದವನೇ! ಕನಕಪುರದ ಕಡೆ ಅಜ್ಜನ ಊರಲ್ಲಿ ಬಿದಿರು ಸೀಳಿ, ಕತ್ತಾಳೆ ನಾರು ಹೊಸೆದು ಮಾಡಿದ್ದೆ. ಗುರಿ ಹಲಸಿನಕಾಯಿ. ಬಿಟ್ಟೆ ನೋಡಿ, ಹೆದೆ ಎಡಗೈ ಒಳಮೈಗೆ ಚಟ್ಟಂತ ಬಡಿಯಿತು. ಬದನೆಕಾಯಿ ಬಣ್ಣದ ಬಾಸುಂಡೆ ಎಂಟು ದಿನ ಇತ್ತು. ಬಾಣ ಹೋಗಿ ಅಜ್ಜಿ ಒಣಗಲು ಹಾಕಿದ್ದ ಹಪ್ಪಳದ ಮೇಲೆ ಬಿತ್ತು. ಅದಕ್ಕೆ ಬಿದ್ದ ಏಟು ಬೇರೆ ಲೆಕ್ಕ.

ಮಗನಿಗೆ ಇಶಿಯ ಕಥೆ ಹೇಳಿ. ಕ್ಯಾಲಿಫೋರ್ನಿಯಾದ ಯಾಹಿ ಬುಡಕಟ್ಟಿನಲ್ಲಿ ಉಳಿದಿದ್ದ ಕೊನೆಯವನು, 1911ರಲ್ಲಿ ಕಾಡಿನಿಂದ ಹೊರಬಂದ. ಸ್ಯಾಕ್ಸ್‌ಟನ್ ಪೋಪ್ ಎಂಬ ಡಾಕ್ಟರು ಅವನಿಂದಲೇ ಬಿಲ್ವಿದ್ಯೆ ಕಲಿತದ್ದು. ದೂರದ ಗುರಿಯಲ್ಲಿ ಇಶಿ ಅಷ್ಟಕ್ಕಷ್ಟೇ. ಆದರೆ ಪ್ರಾಣಿಯ ಹತ್ತಿರ ಹೋಗುವುದರಲ್ಲಿ ಅವನಿಗೆ ಅವನೇ ಸಾಟಿ. ಪ್ರಾಣಿಗೆ ವಾಸನೆ ಹತ್ತಬಾರದೆಂದು ಬೇಟೆಯ ಹಿಂದಿನ ದಿನ ಮೀನು ತಿನ್ನುತ್ತಿರಲಿಲ್ಲ, ಹೊಗೆ ಸೇದುತ್ತಿರಲಿಲ್ಲ, ಬೆಳಿಗ್ಗೆ ಮಿಂದೇ ಹೊರಡುತ್ತಿದ್ದ. ಆ ಪೋಪ್ ಹೆಸರನ್ನೂ ಸೇರಿಸಿಕೊಂಡು 1961ರಲ್ಲಿ ಶುರುವಾದ, ಬಿಲ್ಲು ಬೇಟೆಗಾರರ ಪೋಪ್ ಅಂಡ್ ಯಂಗ್ ಕ್ಲಬ್ಬು ಕ್ರಾಸ್‌ಬೋದಲ್ಲಿ ಹೊಡೆದ ಜಿಂಕೆಯನ್ನು ತನ್ನ ದಾಖಲೆ ಪುಸ್ತಕಕ್ಕೆ ಸೇರಿಸುವುದಿಲ್ಲ. ಹಳೇ ಕಾಲದ ಪಾದ್ರಿಗಳೂ 1139ರಲ್ಲಿ ರೋಮಿನಲ್ಲಿ ಸಭೆ ಸೇರಿ, ಕ್ರೈಸ್ತರ ಮೇಲೆ ಕ್ರಾಸ್‌ಬೋ ಬಿಡಬಾರದೆಂದು ಕಟ್ಟು ಮಾಡಿದ್ದರು. (ಬಿಲ್ಲನ್ನೂ ಸೇರಿಸಿಯೇ ಬೈದಿದ್ದರು. ಅದನ್ನು ನಾನು ಸುಮ್ನೆ ಮೆಲ್ಲಗೆ ಹೇಳುತ್ತೇನೆ.)

ನಮ್ಮ ಬೆಂಗಳೂರಿನವರೇನು ಕಮ್ಮಿ? ದಾರಿಯಲ್ಲಿ ಗಡದ್ದಾಗಿ ಬಿರಿಯಾನಿ ತಿಂದು, ಸೆಂಟು ಬಳಿದುಕೊಂಡು ಬಂಡೀಪುರದಲ್ಲಿ ಸಫಾರಿ ಹತ್ತುತ್ತಾರೆ. ತೋಳುದ್ದದ ಲೆನ್ಸು. ಪಾಪ, ಒಂದು ಚುಕ್ಕೆ ಜಿಂಕೆ ಕಂಡರೆ ಸಾಕು, ಟಕಟಕ ನೂರು ಫೋಟೋ. ಆ ಜಿಂಕೆ ಏನು ಮೇಯುತ್ತಿತ್ತು ಅಂತ ಕೇಳಿ ನೋಡಿ. ಕಲಿಯಲು ಪುರುಸೊತ್ತಿಲ್ಲ, ಕೊಳ್ಳಲು ಮಾತ್ರ ಯಾವಾಗಲೂ ಇದೆ.

ಬೇಜಾರಾಗಬೇಡಿ, ನಿಮ್ಮಂಥ ತಂದೆ ಮಗನ ಬೇಟೆಯ ಬಗ್ಗೆ ಪತ್ರಿಕೆಗೆ ಬರೆದು ಕೇಳುವುದೇ ಅಪರೂಪ. ಬಿಲ್ಲೇ ಕೊಳ್ಳಲಿ. ಈ ವರ್ಷ ಪೂರ್ತಿ ಹುಲ್ಲಿನ ಮೂಟೆಗೇ ಬಿಡಲಿ. ಎಡಗೈಗೆ ಚರ್ಮದ ಪಟ್ಟಿ ಕಟ್ಟಿಕೊಳ್ಳುವುದನ್ನು ಮಾತ್ರ ಮರೆಯದಿರಲಿ.