ಬಾಗಿಲು ಹಾಕಿದವರು ಚೀಟಿ ಅಂಟಿಸಲಿ

ಸಂಪಾದಕರ ಉತ್ತರ

ಕುಮಟಾ ಕಡೆಯ ನಿವೃತ್ತ ಅಕ್ಕೋರೊಬ್ಬರು ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕಿಲ್ಲ. ನಾಲ್ಕು ಪುಟದ ಪತ್ರದ ಮುಖ್ಯ ಭಾಗ ಇಷ್ಟು:

“ಮಗನ ಮನೆಗೆಂದು ದುಬೈಗೆ ಹೋಗಿ ಮೂರು ತಿಂಗಳು ಇದ್ದು ಬಂದೆ. ಅಲ್ಲಿಂದ ಊರಲ್ಲಿರುವ ತಂಗಿಗೆ ವಾಟ್ಸಾಪಿನಲ್ಲಿ ಮೆಸೇಜು ಹೋಗುತ್ತದೆ, ಫೋಟೊ ಹೋಗುತ್ತದೆ, ಕಾಲ್ ಮಾತ್ರ ಹೋಗುವುದಿಲ್ಲ. ಪಕ್ಕದ ಫ್ಲಾಟಿನ ಹುಡುಗ, ನಮ್ಮ ಭಟ್ಕಳದವನೇ, ಫೋನಿಗೆ ವಿಪಿಎನ್ ಎಂಬುದನ್ನು ಹಾಕಿಕೊಟ್ಟ. ತಂಗಿಯ ಮುಖ ಕಂಡಿತು, ಒಂದು ತಾಸು ಮಾತಾಡಿದೆವು. ಆ ರಾತ್ರಿ ನಿದ್ದೆ ಬರಲಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ಕದಿಯಬೇಡಿ ಎಂದು ಹೇಳಿದವಳು ನಾನು. ಇದು ಕಳ್ಳತನವಲ್ಲವೇ? ಇನ್ನೊಂದು ಮಾತು. ಇಂಟರ್‌ನೆಟ್ ಬಂದ್ ಮಾಡುವುದರ ವಿರುದ್ಧ ಹೋದ ಸಂಚಿಕೆಯಲ್ಲಿ ನೀವು ಬರೆದದ್ದು ನನಗೆ ಸರಿ ಕಾಣಲಿಲ್ಲ. ಗಲಾಟೆ ಆದಲ್ಲಿ ಎರಡು ದಿನ ಬಂದ್ ಇಟ್ಟರೆ ಯಾರ ಗಂಟೇನು ಹೋಗುತ್ತದೆ? ನಾವೆಲ್ಲ ಇನ್‌ಲ್ಯಾಂಡ್ ಪತ್ರದಲ್ಲೇ ಬದುಕಲಿಲ್ಲವೇ? ಶಿರಸಿಯಲ್ಲಿ ಕೂತವರಿಗೆ ಕಾಶ್ಮೀರದ ಉಸಾಬರಿ ಯಾಕೆ?”

ಅಕ್ಕೋರೇ, ಮೊದಲು ನಿಮ್ಮ ನಿದ್ದೆಯ ವಿಚಾರ ಮುಗಿಸೋಣ.

ನೀವು ಕದ್ದಿಲ್ಲ. ಆದರೆ ಆ ಹುಡುಗ ನಿಮಗೆ ಪೂರ್ತಿ ಹೇಳಬೇಕಿತ್ತು. ವಿಪಿಎನ್ ಹಾಕಿದ ಮೇಲೆ ನಿಮ್ಮ ಫೋನಿನಿಂದ ಹೊರಡುವುದೆಲ್ಲ ಗೂಢಲಿಪಿಯಾಗಿ ಮೊದಲು ಬೇರೆ ದೇಶದ ಒಂದು ಸರ್ವರಿಗೆ ಹೋಗುತ್ತದೆ, ವಾಟ್ಸಾಪಿಗೆ ತಲುಪುವುದು ಅಲ್ಲಿಂದ. ದುಬೈಯ ಫೋನ್ ಕಂಪನಿಗೆ ನೀವು ಯಾವುದೋ ಸರ್ವರಿನ ಜೊತೆ ವ್ಯವಹರಿಸುತ್ತಿರುವುದು ಕಾಣುತ್ತದೆ, ತಂಗಿಗೆ ಕಾಲ್ ಮಾಡಿದ್ದು ಕಾಣುವುದಿಲ್ಲ. ಬ್ಯಾಂಕು, ಸಾಫ್ಟ್‌ವೇರ್ ಕಂಪನಿಗಳೆಲ್ಲ ದಿನವೂ ಬಳಸುವುದು ಇದನ್ನೇ. ಅಲ್ಲಿ ಇಂಟರ್‌ನೆಟ್ ಮೂಲಕ ಕರೆ ಮಾಡಿಸುವ ಸೇವೆಗೆ ಪರವಾನಗಿ ಬೇಕು. ಬೋಟಿಮ್‌ನಂಥ ಆ್ಯಪ್‌ಗಳಿಗೆ ಅದು ಸಿಕ್ಕಿದೆ, ವಾಟ್ಸಾಪ್ ಕಾಲಿಗೆ ಸಿಕ್ಕಿಲ್ಲ. ವಿಪಿಎನ್ ಇಟ್ಟುಕೊಳ್ಳುವುದೇ ಅಲ್ಲಿ ಅಪರಾಧವಲ್ಲ. ಅದನ್ನು ಅಪರಾಧ ಮಾಡಲೋ ಮುಚ್ಚಿಡಲೋ ಬಳಸಿದರೆ 2021ರ ಕಾನೂನಿನ ಪ್ರಕಾರ ಜೈಲು, ಇಲ್ಲವೇ 5 ಲಕ್ಷದಿಂದ 20 ಲಕ್ಷ ದಿರ್ಹಮ್‌ವರೆಗೆ ದಂಡ, ಇಲ್ಲವೇ ಎರಡೂ. ತಂಗಿಯ ಮಂಡಿನೋವು ಕೇಳಿದ್ದು ಇದರಲ್ಲಿ ಎಲ್ಲಿಗೆ ಬರುತ್ತದೆ ಎಂದು ವಾದಿಸುತ್ತ ಪರದೇಶದ ಕೋರ್ಟಿನಲ್ಲಿ ನಿಲ್ಲುವ ಪ್ರಸಂಗ ಯಾರಿಗೂ ಬೇಡ. ಮುಂದಿನ ಸಲ ಹೋದಾಗ ಪರವಾನಗಿ ಇರುವ ಆ್ಯಪನ್ನೇ ನೀವೂ ಹಾಕಿಕೊಳ್ಳಿ, ತಂಗಿಯ ಫೋನಿಗೂ ಹಾಕಿಸಿ. ಸೌದಿಯವರು ಇಂಥ ಕರೆಗಳ ಮೇಲಿನ ನಿರ್ಬಂಧವನ್ನು 2017ರಲ್ಲೇ ಸಡಿಲಿಸಿದರು. ಎಮಿರೇಟ್ಸಿನವರೂ ಒಂದು ದಿನ ತೆರೆದಾರು.

ಪುಕ್ಕಟೆ ವಿಪಿಎನ್ ಬಗ್ಗೆ ಇನ್ನೊಂದು ಎಚ್ಚರಿಕೆ, ಇದು ನಮ್ಮ ಊರಿನ ಹುಡುಗರಿಗೂ. ಫೋನ್ ಕಂಪನಿಯ ಕಣ್ಣು ತಪ್ಪಿಸಿದಿರಿ ಸರಿ, ಆದರೆ ನೀವು ಯಾವ ತಾಣಕ್ಕೆ ಹೋದಿರಿ ಎಂಬುದು ಈಗ ಆ ವಿಪಿಎನ್ ನಡೆಸುವವನಿಗೆ ಗೊತ್ತಾಗುತ್ತದೆ. ಅವನು ಯಾರು, ಯಾವ ದೇಶದವನು, ದುಡ್ಡಿಲ್ಲದೆ ಸೇವೆ ಯಾಕೆ ಕೊಡುತ್ತಾನೆ ಎಂದು ಕೇಳಿದ ಹುಡುಗ ನನಗೆ ಇನ್ನೂ ಸಿಕ್ಕಿಲ್ಲ. ನಮ್ಮ ದೇಶದಲ್ಲಿ ಸೈಬರ್ ಸುರಕ್ಷತೆ ನೋಡಿಕೊಳ್ಳುವ ಕೇಂದ್ರದ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಕೊಟ್ಟ ನಿರ್ದೇಶನದ ಪ್ರಕಾರ ವಿಪಿಎನ್ ಕಂಪನಿಗಳು ಗ್ರಾಹಕರ ಹೆಸರು, ವಿಳಾಸಗಳನ್ನು 5 ವರ್ಷ ಇಟ್ಟುಕೊಳ್ಳಬೇಕು. ಅದನ್ನು ಒಪ್ಪದ ಹಲವು ವಿದೇಶಿ ಕಂಪನಿಗಳು ಇಲ್ಲಿದ್ದ ಸರ್ವರುಗಳನ್ನೇ ಕಿತ್ತುಕೊಂಡು ಹೋದವು. ಮತ್ತೆ, ಫೇಸ್‌ಬುಕ್ ಒಂದನ್ನೇ ತಡೆದಿದ್ದರೆ ವಿಪಿಎನ್ ದಾಟಿಸೀತು. ಮೊಬೈಲ್ ಡೇಟಾವನ್ನೇ ನಿಲ್ಲಿಸಿದರೆ ಅದರಿಂದ ಏನೂ ಆಗದು. ನಮ್ಮಲ್ಲಿ ಸಾಮಾನ್ಯವಾಗಿ ಮಾಡುವುದು ಈ ಎರಡನೆಯದನ್ನು.

ಈಗ ನಿಮ್ಮ ಎರಡನೆಯ ಮಾತು. ಸುಳ್ಳು ಸುದ್ದಿ ಜೀವ ತೆಗೆಯುತ್ತದೆ, ಇದನ್ನು ನಾನು ಅಲ್ಲಗಳೆಯುವುದಿಲ್ಲ. 2018ರ ಜುಲೈಯಲ್ಲಿ ನಮ್ಮದೇ ರಾಜ್ಯದ ಬೀದರ ಜಿಲ್ಲೆಯಲ್ಲಿ, ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವಾಟ್ಸಾಪ್ ಗಾಳಿಸುದ್ದಿಗೆ ಹೈದರಾಬಾದಿನ ಇಂಜಿನಿಯರೊಬ್ಬರನ್ನು ಜನ ಬಡಿದು ಕೊಂದರು. ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಿಂತ ಹೆಚ್ಚು ಫಾರ್ವರ್ಡ್ ಮಾಡಲಾಗದಂತೆ ವಾಟ್ಸಾಪ್ ಕಟ್ಟುಮಾಡಿದ್ದು ಅದೇ ತಿಂಗಳು. ಕಾರವಾರದ ನೌಕಾನೆಲೆಯ ಉದಾಹರಣೆಯೂ ಇದೆ. ಗೂಢಚಾರಿಕೆಯ ಪ್ರಕರಣ ಹೊರಬಿದ್ದ ಮೇಲೆ 2019ರ ಡಿಸೆಂಬರಿನಲ್ಲಿ ನೌಕಾಪಡೆ ತನ್ನ ನೆಲೆ ಮತ್ತು ಹಡಗುಗಳಲ್ಲಿ ಸ್ಮಾರ್ಟ್‌ಫೋನನ್ನೂ ಫೇಸ್‌ಬುಕ್ಕನ್ನೂ ನಿಷೇಧಿಸಿತು. ಅದಕ್ಕೆ ನನ್ನ ತಕರಾರಿಲ್ಲ. ಯಾರಿಗೆ, ಎಲ್ಲಿ, ಯಾಕೆ ಎಂಬುದು ಅದರಲ್ಲಿ ಸ್ಪಷ್ಟವಿದೆ. ಅರ್ಗಾದಲ್ಲಿ ನೌಕಾನೆಲೆ ಇದೆ ಎಂದು ಬೈತಖೋಲದ ಮೀನುಗಾರನ ಫೋನನ್ನು ಯಾರೂ ಕಸಿಯಲಿಲ್ಲ.

ನನ್ನ ಜಗಳ ಇರುವುದು ಒಬ್ಬ ತಪ್ಪು ಮಾಡಿದರೆ ಇಡೀ ಜಿಲ್ಲೆಯ ಬಾಯಿಗೆ ಬೀಗ ಹಾಕುವುದರ ಮೇಲೆ. ಎರಡು ದಿನಕ್ಕೆ ಗಂಟೇನು ಹೋಗುತ್ತದೆ ಎಂದು ಕೇಳಿದಿರಿ. 2019ರ ಡಿಸೆಂಬರ್ 19ರ ರಾತ್ರಿ ದಕ್ಷಿಣ ಕನ್ನಡದಲ್ಲಿ 48 ತಾಸು ಮೊಬೈಲ್ ಇಂಟರ್‌ನೆಟ್ ನಿಲ್ಲಿಸಿದರು. ಮಂಗಳೂರಿನಲ್ಲಿ ಗೋಲಿಬಾರಾಗಿ ಇಬ್ಬರು ಸತ್ತ ದಿನ ಅದು. ಅಂಕೋಲೆಯ ನನ್ನ ಪರಿಚಯದವರ ತಂದೆ ಆಗ ಅಲ್ಲಿನ ಆಸ್ಪತ್ರೆಯೊಂದರಲ್ಲಿದ್ದರು. ಶಸ್ತ್ರಚಿಕಿತ್ಸೆಗೆ ಬೇಕಾದದ್ದು ಬಿ ನೆಗೆಟಿವ್ ರಕ್ತ. ಮಾಮೂಲಿ ದಿನವಾದರೆ ರಕ್ತದಾನಿಗಳ ವಾಟ್ಸಾಪ್ ಗುಂಪಿಗೆ ನಾಲ್ಕು ಸಾಲು ಹಾಕಿದರೆ ಅರ್ಧ ತಾಸಿನಲ್ಲಿ ಯಾರಾದರೂ ಬರುತ್ತಾರೆ. ಅವತ್ತು ಮಗ ಒಂದು ರಟ್ಟಿನ ತುಂಡಿನ ಮೇಲೆ ಸ್ಕೆಚ್ ಪೆನ್ನಿನಲ್ಲಿ ರಕ್ತದ ಗುಂಪು, ವಾರ್ಡ್ ನಂಬರು ಬರೆದು ಆಸ್ಪತ್ರೆಯ ಗೇಟಿನಲ್ಲಿ ನಿಂತ. ಕರ್ಫ್ಯೂ ಇದ್ದದ್ದರಿಂದ ಗೇಟಿನ ಮುಂದೆ ಜನರೇ ಇರಲಿಲ್ಲ. ಊರಲ್ಲಿದ್ದ ಅಣ್ಣ ದುಡ್ಡು ಹಾಕುತ್ತೇನೆ ಎಂದರೆ ಇವನ ಫೋನಿನಲ್ಲಿ ಅದನ್ನು ತೆಗೆಯುವ ದಾರಿ ಇಲ್ಲ. ಕೊನೆಗೆ ರಕ್ತ ಕೊಟ್ಟವರು ಅದೇ ವಾರ್ಡಿನ ಇನ್ನೊಬ್ಬ ರೋಗಿಯ ಅಳಿಯ. ಆ ಅಂಕೋಲೆಯ ಹುಡುಗ ಯಾವ ಗಾಳಿಸುದ್ದಿ ಹಬ್ಬಿಸಿದ್ದ, ಹೇಳಿ?

ಅವನು ಮಂಗಳೂರಿಗೆ ಯಾಕೆ ಹೋಗಬೇಕಾಯಿತು ಎಂಬುದು ನಿಮಗೆ ನಾನು ಹೇಳಬೇಕಾದ ವಿಷಯವಲ್ಲ. ಕುಮಟೆಯವರು ನೀವು. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಹೃದಯ ಹಿಡಿದುಕೊಂಡವನಿಗೆ, ತಲೆಗೆ ಪೆಟ್ಟುಬಿದ್ದವನಿಗೆ ಇರುವ ಒಂದೇ ಚಿಕಿತ್ಸೆ ಮಂಗಳೂರಿನ, ಮಣಿಪಾಲದ, ಹುಬ್ಬಳ್ಳಿಯ ದಾರಿ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಎಂದು ಎಷ್ಟು ಮನವಿ ಕೊಟ್ಟಿದ್ದೇವೆ, ಎಷ್ಟು ಸಂಪಾದಕೀಯ ಬರೆದಿದ್ದೇವೆ! ಅದು ಬೆಂಗಳೂರಿನವರ ಕಿವಿಗೆ ಬಿದ್ದದ್ದು 2019ರಲ್ಲಿ ಜಿಲ್ಲೆಯ ಹುಡುಗ ಹುಡುಗಿಯರು ಟ್ವಿಟರಿನಲ್ಲಿ ಒಟ್ಟಿಗೆ ಬರೆಯಲು ಹಿಡಿದಾಗ. 2022ರ ಜುಲೈಯಲ್ಲಿ ಹೊನ್ನಾವರದಿಂದ ಹೊರಟ ಆಂಬ್ಯುಲೆನ್ಸ್ ಬೈಂದೂರು ಹತ್ತಿರದ ಶಿರೂರು ಟೋಲಿಗೆ ಬಡಿದು ನಾಲ್ವರು ತೀರಿಕೊಂಡರು. ಆ ವಿಡಿಯೊ ನೋಡಿ ಜಿಲ್ಲೆಗೆ ಜಿಲ್ಲೆಯೇ ಎದ್ದು ಕೂತಿತು, ಆಸ್ಪತ್ರೆ ಇಲ್ಲದಿದ್ದರೆ ವೋಟಿಲ್ಲ ಎಂಬ ಮಾತು ಫೋನಿನಿಂದ ಫೋನಿಗೆ ಹೋಯಿತು. ಜನ ಉದ್ರಿಕ್ತರಾಗಿದ್ದಾರೆ ಎಂದು ಆ ವಾರ ಯಾರಾದರೂ ಇಂಟರ್‌ನೆಟ್ ನಿಲ್ಲಿಸಿದ್ದರೆ? ಉದ್ರಿಕ್ತರಾಗಿದ್ದದ್ದು ನಿಜವೇ. ಉದ್ರಿಕ್ತರಾಗದೆ ಇನ್ನೇನಾಗಬೇಕಿತ್ತು?

ಕಾಶ್ಮೀರದ ಉಸಾಬರಿ ನನಗೆ ಬೇಕಾದದ್ದು ಇದಕ್ಕೇ. ಅಲ್ಲಿ ಒಪ್ಪಿಗೆಯಾದದ್ದು ನಾಳೆ ಇಲ್ಲಿ ರೂಢಿಯಾಗುತ್ತದೆ. 2019ರ ಆಗಸ್ಟ್ ಮೊದಲ ವಾರದಲ್ಲಿ ಕಣಿವೆಯಲ್ಲಿ ಫೋನು, ಇಂಟರ್‌ನೆಟ್ ಎಲ್ಲ ನಿಂತಿತು. ಪರೀಕ್ಷೆಯ ಅರ್ಜಿ ತುಂಬಲಿಕ್ಕೆ, ಒಂದು ಇಮೇಲ್ ನೋಡಲಿಕ್ಕೆ ವಿದ್ಯಾರ್ಥಿಗಳು ಶ್ರೀನಗರದಿಂದ ರೈಲು ಹತ್ತಿ ಬನಿಹಾಲಿಗೆ ಹೋಗಿ ಸೈಬರ್ ಕೆಫೆಯಲ್ಲಿ ಸರದಿ ನಿಂತರು. ಆ ರೈಲಿಗೆ ಜನ ಇಂಟರ್‌ನೆಟ್ ಎಕ್ಸ್‌ಪ್ರೆಸ್ ಎಂದೇ ಹೆಸರಿಟ್ಟರು. ಮರುವರ್ಷ ಜನವರಿಯಲ್ಲಿ 2ಜಿ ಬಂತು, ಅದರಲ್ಲೂ ಸರ್ಕಾರ ಒಪ್ಪಿದ ತಾಣಗಳ ಪಟ್ಟಿಯಲ್ಲಿದ್ದದ್ದು ಮಾತ್ರ ತೆರೆಯುತ್ತಿತ್ತು. ಸಾಮಾಜಿಕ ಜಾಲತಾಣ ಒಂದೂ ಅದರಲ್ಲಿ ಇರಲಿಲ್ಲ. ಜನ ವಿಪಿಎನ್ ಹಾಕಿಕೊಂಡರು, ಫೆಬ್ರವರಿಯಲ್ಲಿ ಪೊಲೀಸರು ಅದರ ದುರುಪಯೋಗದ ಮೇಲೆ ಯುಎಪಿಎ ಎಂಬ ಭಯೋತ್ಪಾದನೆ ತಡೆಯುವ ಕಾನೂನಿನ ಕೆಳಗೆ ಕೇಸು ಹಾಕಿದರು. ಜಾಲತಾಣದ ತಡೆ ಹೋದದ್ದು ಮಾರ್ಚ್‌ನಲ್ಲಿ, 4ಜಿ ಬಂದದ್ದು 2021ರ ಫೆಬ್ರವರಿ 5ಕ್ಕೆ.

ಈ ನಡುವೆ, 2020ರ ಜನವರಿ 10ರಂದು, ಕಾಶ್ಮೀರದ ಪತ್ರಕರ್ತೆ ಅನುರಾಧಾ ಭಾಸಿನ್ ಹೂಡಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂತು. ಇಂಟರ್‌ನೆಟ್ ಮೂಲಕ ಮಾತಾಡುವುದಕ್ಕೂ ವ್ಯಾಪಾರ ಮಾಡುವುದಕ್ಕೂ ಸಂವಿಧಾನದ 19ನೇ ವಿಧಿಯ ರಕ್ಷಣೆ ಇದೆ, ಅನಿರ್ದಿಷ್ಟ ಕಾಲ ನಿಲ್ಲಿಸುವಂತಿಲ್ಲ, ಆದೇಶವನ್ನು ಪ್ರಕಟಿಸಲೇಬೇಕು. ಈ ಕೊನೆಯದನ್ನು ನಾನು ಕೆಂಪು ಶಾಯಿಯಲ್ಲಿ ಗೆರೆ ಎಳೆದು ಇಟ್ಟುಕೊಂಡಿದ್ದೇನೆ. ಅಂಗಡಿಯವನು ಕೂಡ ಬಾಗಿಲು ಹಾಕಿ ಊರಿಗೆ ಹೋಗುವಾಗ ಯಾವಾಗ ಬರುತ್ತೇನೆಂದು ಚೀಟಿ ಅಂಟಿಸಿ ಹೋಗುತ್ತಾನೆ. ಸರ್ಕಾರದಿಂದ ನಾನು ಕೇಳುವುದು ಅದಕ್ಕಿಂತ ಹೆಚ್ಚಲ್ಲ. ಯಾವ ಅಧಿಕಾರಿ, ಯಾವ ಕಾರಣಕ್ಕೆ, ಯಾವ ತಾಲೂಕಿಗೆ, ಎಷ್ಟು ತಾಸಿಗೆ? ಬರೆದು, ಸಹಿ ಹಾಕಿ, ಜನರಿಗೆ ಕಾಣುವ ಹಾಗೆ ಇಡಲಿ. ಕಾರಣ ಸರಿಯಿದ್ದರೆ ನಾನೇ ಅದನ್ನು ನಮ್ಮ ಮುಖಪುಟದಲ್ಲಿ ಅಚ್ಚುಹಾಕುತ್ತೇನೆ.

ಕಾನೂನೂ ಇದನ್ನೇ ಹೇಳುತ್ತದೆ. ಇಂಟರ್‌ನೆಟ್ ನಿಲ್ಲಿಸುವ ಬಗ್ಗೆ 2017ರಲ್ಲಿ ಮಾಡಿದ ನಿಯಮ ನಿಂತಿದ್ದದ್ದು 1885ರ ಟೆಲಿಗ್ರಾಫ್ ಕಾನೂನಿನ ಮೇಲೆ. ಒಂದು ಆದೇಶಕ್ಕೆ 15 ದಿನದ ಮಿತಿ ಬಂದದ್ದು 2020ರಲ್ಲಿ. 2023ರ ದೂರಸಂಪರ್ಕ ಕಾಯ್ದೆಯ ಕೆಳಗೆ 2024ರ ನವೆಂಬರಿನಲ್ಲಿ ಹೊಸ ನಿಯಮ ಬಂದಿದೆ. ಕಾರಣ, ಪ್ರದೇಶ, ಅವಧಿ ಮೂರನ್ನೂ ಬರೆದು ಪ್ರಕಟಿಸಬೇಕು ಎಂದು ಅದರಲ್ಲಿದೆ. ಆದರೆ ಬರೆದಂತೆ ನಡೆಯಿತೇ ಎಂದು ಲೆಕ್ಕ ಇಡುವವರು ಯಾರು? ಶಶಿ ತರೂರ್ ಅಧ್ಯಕ್ಷತೆಯ ಸಂಸದೀಯ ಸಮಿತಿ 2021ರ ಡಿಸೆಂಬರಿನಲ್ಲಿ ವರದಿ ಕೊಟ್ಟಿತು: ದೇಶದಲ್ಲಿ ಎಲ್ಲೆಲ್ಲಿ, ಎಷ್ಟು ಸಲ ಇಂಟರ್‌ನೆಟ್ ನಿಂತಿತು ಎಂಬ ದಾಖಲೆಯನ್ನು ಕೇಂದ್ರದ ಗೃಹ ಇಲಾಖೆಯೂ ಇಟ್ಟಿಲ್ಲ, ದೂರಸಂಪರ್ಕ ಇಲಾಖೆಯೂ ಇಟ್ಟಿಲ್ಲ. ನಮ್ಮ ಲೆಕ್ಕಕ್ಕೆ ನಾವು ಆ್ಯಕ್ಸೆಸ್ ನೌ ಎಂಬ ಹೊರಗಿನ ಸಂಸ್ಥೆಯ ಮೊರೆ ಹೋಗಬೇಕು. ಅವರ ಎಣಿಕೆಯಲ್ಲಿ ಭಾರತದಲ್ಲಿ 2023ರಲ್ಲಿ 116 ಸಲ, 2024ರಲ್ಲಿ 84 ಸಲ. ರಾಜಸ್ಥಾನದಲ್ಲಿ 2021ರಲ್ಲಿ ಶಿಕ್ಷಕರ ಪರೀಕ್ಷೆಯಲ್ಲಿ ನಕಲು ತಡೆಯಲಿಕ್ಕೆ ಹಲವು ಜಿಲ್ಲೆಗಳ ಮೊಬೈಲ್ ಇಂಟರ್‌ನೆಟ್ ನಿಲ್ಲಿಸಿದರು. ಪರೀಕ್ಷಾ ಕೊಠಡಿಯಲ್ಲಿ ಮೇಲ್ವಿಚಾರಕಿಯಾಗಿ ನಿಂತವರು ನೀವು. ಒಂದು ಹುಡುಗ ಚೀಟಿ ತಂದನೆಂದು ಇಡೀ ಊರಿನ ಕಾಗದ, ಪೆನ್ನು ಕಸಿದುಕೊಂಡ ನೆನಪಿದೆಯೇ?

ಜಾಲತಾಣದ ಒಂದೊಂದೇ ಖಾತೆಯನ್ನು ತಡೆಯುವಲ್ಲಿ ಇನ್ನಷ್ಟು ಕತ್ತಲೆ. ಹೀಗೆ ತಡೆಯುವ ಅಧಿಕಾರವನ್ನು ಕೇಂದ್ರಕ್ಕೆ ಕೊಡುವ ಐಟಿ ಕಾಯ್ದೆಯ 69ಎ ಕಲಮಿನ ಕೆಳಗೆ ತಡೆದರೆ 2009ರ ನಿಯಮದ ಪ್ರಕಾರ ಅದರ ವ್ಯವಹಾರವೆಲ್ಲ ಗೌಪ್ಯ. ಬರೆದವನಿಗೂ ಕಾರಣ ತಿಳಿಯದೆ ಹೋಗಬಹುದು. ಟ್ವಿಟರ್ ಇದನ್ನು ನಮ್ಮ ಕರ್ನಾಟಕ ಹೈಕೋರ್ಟಿನಲ್ಲೇ ಪ್ರಶ್ನಿಸಿತು. 2023ರ ಜೂನ್ 30ರಂದು ನ್ಯಾಯಾಲಯ ಅರ್ಜಿ ವಜಾ ಮಾಡಿ 50 ಲಕ್ಷ ದಂಡ ಹಾಕಿತು. ಆ ಕಂಪನಿಯ ಮೇಲೆ ನನಗೆ ಮಮತೆಯಿಲ್ಲ. ಆದರೂ ಆ ತೀರ್ಪಿನ ಬಗ್ಗೆ ನನ್ನ ಮನಸ್ಸು ಒಪ್ಪಿಲ್ಲ ಎಂದು ಗೌರವದಿಂದಲೇ ಹೇಳುತ್ತೇನೆ.

ಇನ್‌ಲ್ಯಾಂಡ್ ಪತ್ರದ ಕಾಲ ನನಗೂ ಪ್ರೀತಿಯದು. ಆದರೆ ಆಗ ಪೋಸ್ಟಾಫೀಸು ತೆರೆದಿತ್ತು, ಅಕ್ಕೋರೇ. ಈಗ ತಾರು ಇಲ್ಲ, ಎಸ್‌ಟಿಡಿ ಬೂತಿಲ್ಲ, ಲ್ಯಾಂಡ್‌ಲೈನು ಎಷ್ಟೋ ಮನೆಗಳಲ್ಲಿ ಸತ್ತು ಗೋಡೆಗೆ ನೇತಾಡುತ್ತಿದೆ. ಎಲ್ಲವನ್ನೂ ಫೋನಿಗೆ ತಂದು ಕಟ್ಟಿದ ಮೇಲೆ ಅದನ್ನು ಬಂದ್ ಮಾಡಿದರೆ ಹಿಂದಿರುಗಿ ಹೋಗಲು ಹಳೆಯ ದಾರಿ ಉಳಿದಿಲ್ಲ.

ಆದೇಶವೇ ಇಲ್ಲದೆ ಬಂದ್ ಆಗುವ ನಮ್ಮ ಘಟ್ಟದ ಮೇಲಿನ ಕಥೆಯನ್ನೂ ಹೇಳಬೇಕು. ಮಳೆಗಾಲದಲ್ಲಿ ಸಿದ್ದಾಪುರ ತಾಲೂಕಿನ ಒಂದು ಮೋರಿಕಟ್ಟೆಯ ಹತ್ತಿರ ಸಂಜೆ ಹೊತ್ತಿಗೆ ನಿಂತು ನೋಡಿ. ಕರೆಂಟು ಹೋದ ಎರಡು ತಾಸಿಗೆ ಟವರಿನ ಬ್ಯಾಟರಿ ಮುಗಿಯುತ್ತದೆ, ಜನರೇಟರಿಗೆ ಡೀಸೆಲ್ ಇರುವುದಿಲ್ಲ. ಪಕ್ಕದ ಗುಡ್ಡದ ಟವರಿನದು ಸ್ವಲ್ಪ ಸಿಗುವುದು ಆ ಮೋರಿಯ ಮೇಲೆ ಮಾತ್ರ. ನಾನು ಹೋದಾಗ ಕೊಡೆ ಹಿಡಿದವರು ಐದಾರು ಜನ. ಒಬ್ಬ ಹುಡುಗ ಪ್ಲಾಸ್ಟಿಕ್ ಕವರಿನೊಳಗೆ ಫೋನಿಟ್ಟು ಕೈ ಮೇಲೆತ್ತಿದ್ದ. ಕೊಳೆ ಬಿದ್ದ ಅಡಿಕೆಯ ಫೋಟೊ ಕಳಿಸಬೇಕು, ಬೋರ್ಡೋ ಔಷಧಿ ಮತ್ತೊಮ್ಮೆ ಹೊಡೆಯಬೇಕೋ ಬೇಡವೋ ಕೇಳಬೇಕು. “ಟವರ್ ಬಂತನಾ ತಮಾ?” ಎಂದು ಹಿರಿಯರೊಬ್ಬರು ಕೇಳಿದರು. “ಬಂದಿತ್ತು, ಹೋತು” ಎಂದ. ಕೊರೊನಾ ಕಾಲದಲ್ಲಿ ಇದೇ ಜಿಲ್ಲೆಯ ಮಕ್ಕಳು ಆನ್‌ಲೈನ್ ಪಾಠಕ್ಕೆ ಗುಡ್ಡ ಹತ್ತಿ ಕೂತದ್ದನ್ನು ನಾವು ಹೆಮ್ಮೆಯ ಸುದ್ದಿ ಎಂಬಂತೆ ಅಚ್ಚುಹಾಕಿದೆವು. ಅದು ನಾಚಿಕೆಪಡಬೇಕಾದ ಸುದ್ದಿಯಾಗಿತ್ತು. ಜೊಯಿಡಾದ ಕಾಡಂಚಿನ ಎಷ್ಟೋ ಮಜರೆಗಳಿಗೆ ಇಂಟರ್‌ನೆಟ್ ಬಂದ್ ಎಂಬ ಆದೇಶ ಹೊರಡಿಸುವ ಅಗತ್ಯವೇ ಬಿದ್ದಿಲ್ಲ.

ನಮ್ಮ ಜಿಲ್ಲೆ ಇಂಥದ್ದಕ್ಕೆ ಸುಮ್ಮನಿದ್ದ ಜಿಲ್ಲೆಯಲ್ಲ. ಅಂಕೋಲೆಯಲ್ಲಿ 1930ರಲ್ಲಿ ಉಪ್ಪು ತೆಗೆದವರು, ಕರ ಕೊಡುವುದಿಲ್ಲ ಎಂದು ಮನೆ ಹೊಲ ಕಳಕೊಂಡವರು ನಮ್ಮ ಹಿರಿಯರು. ನಾವು ಮುಂಬೈ ಪ್ರಾಂತ್ಯದಲ್ಲಿದ್ದ ಆ ಕಾಲದಲ್ಲೇ, 1942ರಲ್ಲಿ, ಮುಂಬೈಯಲ್ಲಿ ಉಷಾ ಮೆಹ್ತಾ ಎಂಬ ಕಾಲೇಜು ಹುಡುಗಿ ಗುಪ್ತ ರೇಡಿಯೊ ನಡೆಸಿದರು. ಪತ್ರಿಕೆಗಳ ಬಾಯಿ ಕಟ್ಟಿದ್ದ ದಿನಗಳವು. ಜಾಗ ಬದಲಿಸುತ್ತ ಬದಲಿಸುತ್ತ ನವೆಂಬರಿನಲ್ಲಿ ಸಿಕ್ಕಿಬಿದ್ದು ಜೈಲಿಗೆ ಹೋದರು. ನೀವು ಶಾಲೆಯಲ್ಲಿ ಅವರ ಪಾಠ ಮಾಡಿರಬಹುದು.

ನಿಮ್ಮಂಥ ಓದುಗರು ಒಪ್ಪದೆ ಬರೆಯುವುದು ನನಗೆ ಹಿತವೇ, ಹೀಗೇ ಬರೆಯುತ್ತಿರಿ. ಒಂದು ಕೆಲಸವನ್ನೂ ಒಪ್ಪಿಸುತ್ತೇನೆ. ನಿಮ್ಮ ಕಡೆ ಎಂದಾದರೂ ಇಂಟರ್‌ನೆಟ್ ನಿಂತರೆ, ಮೊದಲು ಆದೇಶ ಪ್ರಕಟವಾಗಿದೆಯೇ ನೋಡಿ. ಕಾಣದಿದ್ದರೆ ಬೆಂಗಳೂರಿನ ಒಳಾಡಳಿತ ಇಲಾಖೆಗೆ ಮಾಹಿತಿ ಹಕ್ಕಿನಲ್ಲಿ ಅದರ ಪ್ರತಿ ಕೇಳಿ. 10 ರೂಪಾಯಿಯ ಪೋಸ್ಟಲ್ ಆರ್ಡರ್ ಸಾಕು, 30 ದಿನದಲ್ಲಿ ಉತ್ತರ ಕೊಡಬೇಕು. ನಮ್ಮ ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕಿರಬೇಕು, 150 ಪದ ಮೀರಬಾರದು. ಆದೇಶದ ಪ್ರತಿ ಬಂದರೆ ಅದನ್ನು, ಬರದಿದ್ದರೆ ಅವರ ಉತ್ತರವನ್ನು ನಮಗೆ ಕಳಿಸಿ. ಯಾವುದು ಬಂದರೂ ಪೂರ್ತಿ ಅಚ್ಚುಹಾಕುತ್ತೇವೆ.

— ಸಂ.