ನಾಣ್ಯದ ಮಾತು: ಒಂದೇ ರೂಪಾಯಿಗೆ ಮೂರು ಗ್ರೇಡ್ ಹೇಗೆ?

ಈ ತಿಂಗಳು ಬಂದಿರೋ ಪತ್ರಗಳಲ್ಲಿ ಮುಕ್ಕಾಲು ಪಾಲು ಗ್ರೇಡಿಂಗ್ ತಕರಾರಿಂದೇ. ಅದಕ್ಕೇ ಬೇರೆ ಪ್ರಶ್ನೆಗಳನ್ನೆಲ್ಲ ಮುಂದಿನ ಸಲಕ್ಕೆ ಎತ್ತಿಟ್ಟು ಇವತ್ತು ಇದನ್ನೇ ತಗೊಂಡಿದ್ದೀನಿ. ಗ್ರೇಡಿಂಗ್ ಅಂದ್ರೆ ನಾಣ್ಯ ಎಷ್ಟು ಚೆನ್ನಾಗಿ ಉಳಿದಿದೆ ಅಂತ ದರ್ಜೆ ಕೊಡೋದು. ಇಲ್ಲಿ ಬರೋ ದರ್ಜೆಗಳು ಕೆಳಗಿಂದ ಮೇಲಕ್ಕೆ: ವಿಎಫ್ (ವೆರಿ ಫೈನ್), ಎಕ್ಸ್‌ಎಫ್ (ಎಕ್ಸ್‌ಟ್ರೀಮ್ಲಿ ಫೈನ್), ಎಯು (ಅಬೌಟ್ ಅನ್‌ಸರ್ಕ್ಯುಲೇಟೆಡ್, ಅಂದ್ರೆ ಒಂಚೂರು ಓಡಾಡಿದ್ದು), ಯುಎನ್‌ಸಿ (ಅನ್‌ಸರ್ಕ್ಯುಲೇಟೆಡ್, ಅಂದ್ರೆ ಓಡಾಡದೇ ಇದ್ದಿದ್ದು).

ಡೊಂಬಿವಲಿಯಿಂದ ಒಬ್ಬರು: ಸರ್, ನಮ್ಮಜ್ಜಿ ಕುಂದಾಪುರದಿಂದ ಬರುವಾಗ ತಂದಿದ್ದ 1862ರ ವಿಕ್ಟೋರಿಯಾ ರಾಣಿ ರೂಪಾಯಿ ಒಂದು ನಮ್ಮನೆ ದೇವರ ಗೂಡಲ್ಲಿತ್ತು. ಮುಂಬಯಿ ಫೋರ್ಟ್ ಹತ್ರ ಒಬ್ಬ ವ್ಯಾಪಾರಿಗೆ ತೋರಿಸಿದ್ರೆ ವಿಎಫ್ ಅಂದ್ರು. ಪುಣೆಯಲ್ಲಿ ಪ್ರದರ್ಶನಕ್ಕೆ ಹೋದಾಗ ಇನ್ನೊಬ್ರು ಎಕ್ಸ್‌ಎಫ್ ಆದ್ರೆ ಕ್ಲೀನ್ ಮಾಡಿದ ಪೀಸು ಅಂದ್ರು. ನಮ್ಮ ಭಾವ ಹತ್ತು ವರ್ಷದಿಂದ ಕಲೆಕ್ಟ್ ಮಾಡೋರು, ಅವರು ಇದು ಎಯುಗೆ ಕಮ್ಮಿ ಇಲ್ಲ ಅಂತಾರೆ. ಮೂವರಲ್ಲಿ ಸುಳ್ಳು ಹೇಳ್ತಿರೋರು ಯಾರು?

ಉತ್ತರ: ಯಾರೂ ಸುಳ್ಳು ಹೇಳ್ತಿಲ್ಲ ಅಂತಲೇ ನನಗೆ ಕಾಣ್ತಿದೆ. ನೀವು ಪತ್ರದ ಜತೆ ಕಳಿಸಿದ ಫೋಟೋ ದೊಡ್ಡದು ಮಾಡ್ಕೊಂಡು ಎರಡು ಸಂಜೆ ಕೂತು ನೋಡ್ದೆ. ರಾಣಿಯ ಕಿವಿ ಮೇಲಿನ ಕೂದಲಿನ ಎಳೆಗಳು ಒಂದೊಂದಾಗಿ ಎಣಿಸೋ ಹಾಗಿವೆ, ಕಿರೀಟ ಚೊಕ್ಕವಾಗಿದೆ, ಕೆನ್ನೆಯಲ್ಲಿ ಮಾತ್ರ ಸ್ವಲ್ಪ ಸವೆದಿದೆ. ಹಿಂದಿನ ಬದಿಯಲ್ಲಿ 'ಒನ್ ರುಪೀ' ಅನ್ನೋ ಅಕ್ಷರಗಳ ಮೂಲೆ ಇನ್ನೂ ಹರಿತವಾಗೇ ಇದೆ. ಆದ್ರೆ ಆ 'ಆರ್' ಅಕ್ಷರದ ಹೊಟ್ಟೆಯೊಳಗೆ ನೋಡಿ, ಕೆಂಪಗೆ ಸಾಸಿವೆಯಷ್ಟು ಏನೋ ಕೂತಿದೆಯಲ್ಲ, ಅದು ಕುಂಕುಮ. ಸುತ್ತ ಇರೋ ಬಯಲು ಜಾಗ ಮಾತ್ರ ಮೊನ್ನೆ ತೊಳೆದ ಲೋಟದ ಹಾಗೆ ಬೆಳ್ಳಗೆ, ಅದರ ಮೇಲೆ ಒಂದೇ ದಿಕ್ಕಿಗೆ ಎಳೆದಂಥ ಸಣ್ಣ ಸಣ್ಣ ಗೀರು. ಅಜ್ಜಿ ಪ್ರತಿ ದೀಪಾವಳಿ ಲಕ್ಷ್ಮೀ ಪೂಜೆಗೆ ಹುಣಸೆಹಣ್ಣು ಹಾಕಿ, ವಿಭೂತಿ ಹಚ್ಚಿ ಉಜ್ಜಿದ್ದಾರೆ. ನಮ್ಮ ಎಲ್ಲರ ಮನೆಯಲ್ಲೂ ಹಾಗೇ ಮಾಡ್ತಿದ್ರು, ಅದರಲ್ಲಿ ಅವರ ತಪ್ಪೇನೂ ಇಲ್ಲ, ಅವರಿಗೆ ಅದು ಲಕ್ಷ್ಮಿ.

ಈಗ ಮೂರು ಗ್ರೇಡಿನ ಲೆಕ್ಕ. ಪುಣೆಯವರು ಸವೆತ ಬೇರೆ, ಮೇಲ್ಮೈಗೆ ಆದ ಡ್ಯಾಮೇಜ್ ಬೇರೆ ಅಂತ ಎರಡನ್ನೂ ಬಿಡಿಸಿ ಹೇಳಿದ್ದಾರೆ: ಸವೆತ ನೋಡಿದ್ರೆ ಎಕ್ಸ್‌ಎಫ್, ಆದ್ರೆ ಕ್ಲೀನ್ ಆಗಿದೆ. ಫೋರ್ಟಿನವರು ಅದೇ ಎರಡನ್ನೂ ಕೂಡಿಸಿ ಕಳೆದು ಒಂದೇ ಮಾತಲ್ಲಿ ಹೇಳಿದ್ದಾರೆ, ಉಜ್ಜಿದ್ದಕ್ಕೆ ಒಂದು ಮೆಟ್ಟಿಲು ಇಳಿಸಿ ವಿಎಫ್ ಅಂತ. ಇದಕ್ಕೆ ನೆಟ್ ಗ್ರೇಡಿಂಗ್ ಅಂತಾರೆ, ಹಳೇ ಕಾಲದ ಕಲೆಕ್ಟರುಗಳಲ್ಲಿ ಇವತ್ತಿಗೂ ನಡೆಯೋ ಪದ್ಧತಿ. ಭಾವ ಕೂದಲಿನ ಎಳೆ ನೋಡಿದ್ರು, ಹೊಳಪು ನೋಡಿದ್ರು, ಎರಡನ್ನೂ ಸೇರಿಸಿ ಎಯು ಅಂದ್ರು. ಮೂವರಲ್ಲಿ ನಿಜವಾಗಿ ಎಡವಿದ್ದು ಭಾವ ಒಬ್ಬರೇ, ಅದೂ ಹೊಳಪಿನ ವಿಷಯದಲ್ಲಿ ಮಾತ್ರ.

ಯಾಕಂದ್ರೆ ಹೊಳಪು ಬೇರೆ, ಮಿಂಟ್ ಲಸ್ಟರ್ ಬೇರೆ. ಟಂಕಸಾಲೆಯಲ್ಲಿ ಅಚ್ಚು ಬಿದ್ದಾಗ ಲೋಹ ನಡುವಿಂದ ಅಂಚಿನ ಕಡೆಗೆ ಹರಿಯತ್ತೆ, ಹಾಗೆ ಹರಿದ ಗೆರೆಗಳು ಕಣ್ಣಿಗೆ ಕಾಣದಷ್ಟು ನವುರಾಗಿ ಮೇಲ್ಮೈಯಲ್ಲಿ ಉಳೀತವೆ, ಬೆಳಕು ಬಿದ್ದಾಗ ಆ ಗೆರೆಗಳೇ ಹೊಳೆಯೋದು. ಒಂದೇ ಒಂದು ಬಲ್ಬಿನ ಕೆಳಗೆ ನಾಣ್ಯ ಹಿಡಿದು ನಿಧಾನಕ್ಕೆ ವಾಲಿಸಿ, ಅಸಲಿ ಲಸ್ಟರ್ ಇದ್ರೆ ಬೆಳಕಿನ ಪಟ್ಟಿ ಗಾಡಿ ಚಕ್ರದ ಕಡ್ಡಿಗಳ ಹಾಗೆ ಸುತ್ತತ್ತೆ. ಉಜ್ಜಿದ ನಾಣ್ಯದಲ್ಲಿ ಆ ಗೆರೆಗಳು ಅಳಿಸಿ ಹೋಗಿರತ್ತೆ, ಹೊಳಪು ಇರತ್ತೆ ಆದ್ರೆ ಸುತ್ತಲ್ಲ, ಎಲ್ಲಾ ಕಡೆ ಒಂದೇ ಸಮ ಬೆಳ್ಳಗೆ ಕಾಣತ್ತೆ. ಒಮ್ಮೆ ಹೋದ್ರೆ ಅದು ಯಾವ ಔಷಧಿಗೂ ವಾಪಸ್ ಬರಲ್ಲ. ಇದನ್ನ ನಾನೂ ದುಡ್ಡು ಕೊಟ್ಟೇ ಕಲಿತಿದ್ದು. ಒಂದು ಪ್ರದರ್ಶನದಲ್ಲಿ ಸಾಲಾಗಿ ಹತ್ತು ಲೈಟ್ ಹಾಕಿದ ಟೇಬಲ್ ಮೇಲೆ 1903ರ ಎಡ್ವರ್ಡ್ ರೂಪಾಯಿ ನೋಡಿ ಮರುಳಾಗಿ ಯುಎನ್‌ಸಿ ರೇಟು ಕೊಟ್ಟು ತಂದೆ, ಬೆಳಿಗ್ಗೆ ಕಿಟಕಿ ಹತ್ರ ಹಿಡಿದ್ರೆ ಮೈತುಂಬಾ ಗೀರು. ಅಷ್ಟು ಲೈಟ್ ಇದ್ದ ಕಡೆ ಗೀರು ಕಾಣೋದೇ ಇಲ್ಲ, ಬೆಳಕು ಎಲ್ಲಾ ಕಡೆಯಿಂದ ಬಂದು ಮುಚ್ಚಿ ಹಾಕತ್ತೆ. ಅವತ್ತಿಂದ ನಾನು ಜೇಬಲ್ಲೇ ಒಂದು ಸಣ್ಣ ಟಾರ್ಚು, ಹತ್ತು ಪಟ್ಟಿನ ಲೆನ್ಸು ಇಟ್ಕೊಂಡೇ ಹೋಗೋದು.

ಇನ್ನೊಂದು ಗೊಂದಲ ನಮ್ಮ ಮುಂಬಯಿ ಮಾರ್ಕೆಟ್ಟಿನಲ್ಲಿ ಜಾಸ್ತಿ. ಹಳಬರು ಕೆಲವರು ಬ್ರಿಟಿಷ್ ಪದ್ಧತಿಯಲ್ಲಿ ಮಾತಾಡ್ತಾರೆ, ಹೊಸಬರು ಅಮೆರಿಕದ ಪದ್ಧತಿಯಲ್ಲಿ. ಬ್ರಿಟಿಷರ ಇಎಫ್ (ಇದೂ ಎಕ್ಸ್‌ಟ್ರೀಮ್ಲಿ ಫೈನೇ) ಅಂದ್ರೆ ಬಹಳ ಬಿಗಿ, ಅದನ್ನ ಅಮೆರಿಕದ ಅಳತೆಗೆ ಹಾಕಿದ್ರೆ ಹೆಚ್ಚುಕಮ್ಮಿ ಎಯುಗೆ ಬಂದು ನಿಲ್ಲತ್ತೆ. ಇಎಫ್, ಎಕ್ಸ್‌ಎಫ್ ಎರಡೂ ಹತ್ತಿರ ಹತ್ತಿರ ಒಂದೇ ಥರ ಕೇಳ್ಸೋದ್ರಿಂದ ಇಬ್ಬರೂ ಒಂದೇ ಮಾತಾಡ್ತಿದ್ದೀವಿ ಅಂತ ತಿಳ್ಕೊಂಡು ಜಗಳ ಆಡ್ತಾರೆ. ಮೇಲಿಂದ 1862 ಅನ್ನೋ ಇಸವಿ ಬೇರೆ. ಅದೇ ಇಸವಿ ಹಾಕಿ 1874ರವರೆಗೂ ರೂಪಾಯಿ ಹೊಡೆದಿದ್ದಾರೆ, ಅಚ್ಚುಗಳು ಬೇರೆ ಬೇರೆ, ಕೆಲವು ಸವೆದ ಅಚ್ಚಿನಿಂದಲೂ ಬಂದಿವೆ, ಹಾಗಾಗಿ ಒಂದು ಪೀಸಿನ ಫೋಟೋ ಇಟ್ಕೊಂಡು ಇನ್ನೊಂದಕ್ಕೆ ಗ್ರೇಡ್ ಕೊಡೋಕೆ ಹೋದ್ರೆ ತಪ್ಪೇ ಆಗೋದು.

ವ್ಯಾಪಾರಿ ಕೊಳ್ಳೋವಾಗ ವಿಎಫ್ ಅಂದು ಮಾರೋವಾಗ ಎಕ್ಸ್‌ಎಫ್ ಅನ್ನೋದೂ ಇದೆ, ಇಲ್ಲ ಅನ್ನಲ್ಲ. ಅದು ನನಗೆ ತುಂಬಾ ಬೇಜಾರಿನ ವಿಷಯ, ಯಾಕಂದ್ರೆ ಅಜ್ಜಿ ಕೊಟ್ಟಿದ್ದನ್ನ ಮಾರೋಕೆ ಬರೋರು ಸಾಮಾನ್ಯವಾಗಿ ಕಷ್ಟದಲ್ಲಿರ್ತಾರೆ. ಅದಕ್ಕೆ ಗ್ರೇಡ್ ಎಷ್ಟು ಅಂತ ಕೇಳ್ಬೇಡಿ. ಸವೆತ ಎಷ್ಟಿದೆ, ಮೇಲ್ಮೈ ಹೇಗಿದೆ, ಯಾವ ಪದ್ಧತಿಯಲ್ಲಿ ಹೇಳ್ತಿದ್ದೀರಿ ಅಂತ ಮೂರು ಬೇರೆ ಬೇರೆ ಪ್ರಶ್ನೆ ಕೇಳಿ. ಮೂರಕ್ಕೂ ಬಿಡಿಸಿ ಉತ್ತರ ಕೊಡೋರ ಹತ್ರ ವ್ಯವಹಾರ ಮಾಡಿ. ಮನೆಗೆ ಬಂದು ತೂಕವನ್ನೂ ಹಾಕಿ, ಹೊಸದಾಗಿದ್ದಾಗ ಅದು ಒಂದು ತೊಲೆ, ಅಂದ್ರೆ 11.66 ಗ್ರಾಂ. ಮತ್ತೆ ಆ ಕುಂಕುಮ ಹಾಗೇ ಇರಲಿ, ದಯವಿಟ್ಟು ಪಿನ್ನು ಹಾಕಿ ಕೆರೆಯೋಕೆ ಹೋಗ್ಬೇಡಿ.

ಪುಣೆ, ಕೊತ್ರೂಡ್‌ನಿಂದ: ನಾನು ಪ್ಲಾಸ್ಟಿಕ್ ಸ್ಲ್ಯಾಬ್‌ನಲ್ಲಿ ಗ್ರೇಡಿಂಗ್ ಕಂಪನಿ ಸೀಲ್ ಮಾಡಿ ಎಂಎಸ್ 62 (ಎಂಎಸ್ ಅಂದ್ರೆ ಮಿಂಟ್ ಸ್ಟೇಟ್, ಓಡಾಡದ ನಾಣ್ಯ) ಅಂತ ಬರೆದ ಜಾರ್ಜ್ ರೂಪಾಯಿ ತಗೊಂಡೆ. ಫ್ರೆಂಡ್ ನೋಡಿ ಇದರಲ್ಲಿ ಸವೆತ ಇದೆ, 58 ಕೊಡಬೇಕಿತ್ತು ಅಂದ. ಕಂಪನಿಯೇ ಗ್ರೇಡ್ ಕೊಟ್ಟ ಮೇಲೆ ಮತ್ತೆ ತಕರಾರು ಇರತ್ತಾ?

ಉತ್ತರ: ಇರತ್ತೆ. ಸ್ಲ್ಯಾಬ್ ಅಂದ್ರೂ ಒಳಗಿರೋದು ಇಬ್ಬರೋ ಮೂವರೋ ಮನುಷ್ಯರ ಕಣ್ಣಿನ ತೀರ್ಮಾನವೇ. ಈ 1ರಿಂದ 70ರ ಲೆಕ್ಕ ಹುಟ್ಟಿದ್ದೂ ಬೇರೆ ಕೆಲಸಕ್ಕೆ. ವಿಲಿಯಂ ಶೆಲ್ಡನ್ ಅನ್ನೋರು 1949ರಲ್ಲಿ ಅಮೆರಿಕದ ಹಳೇ ತಾಮ್ರದ ಸೆಂಟ್‌ಗಳಿಗೆ ಅಂತ ಮಾಡಿದ್ದು, ತೀರಾ ಸವೆದ 1ನೇ ನಂಬರಿನ ನಾಣ್ಯಕ್ಕಿಂತ 70ನೇ ನಂಬರಿಂದು ಎಪ್ಪತ್ತು ಪಟ್ಟು ಬೆಲೆ ಅನ್ನೋ ಲೆಕ್ಕಾಚಾರ. ಅಂದ್ರೆ ಮೊದಲಿಂದಲೇ ಆ ನಂಬರಿನೊಳಗೆ ರೇಟು ಕೂತಿತ್ತು. ಆಮೇಲೆ 1986ರಲ್ಲಿ ಪಿಸಿಜಿಎಸ್, 1987ರಲ್ಲಿ ಎನ್‌ಜಿಸಿ ಅನ್ನೋ ಅಮೆರಿಕದ ಗ್ರೇಡಿಂಗ್ ಕಂಪನಿಗಳು ಬಂದು ಎಲ್ಲಾ ನಾಣ್ಯಕ್ಕೂ ಅದನ್ನೇ ಹಚ್ಚಿದ್ರು. 60ರಿಂದ ಮೇಲೆ ಅಂದ್ರೆ ಕೈಯಿಂದ ಕೈಗೆ ಓಡಾಡಿಲ್ಲ, 58 ಅಂದ್ರೆ ಒಂಚೂರು ಓಡಾಡಿದೆ, ಅಷ್ಟೇ ಗಡಿ, ಆದ್ರೆ ಆ ಗಡಿ ಮೇಲೆ ನಡೆಯೋ ಜಗಳಕ್ಕೆ ಕೊನೆ ಇಲ್ಲ. ಮರದ ಡ್ರಾಯರಲ್ಲಿ ನಾಣ್ಯ ಇಟ್ಟು ನೂರು ಸಲ ಎಳೆದು ತಳ್ಳಿದ್ರೆ ಕೆನ್ನೆ ಮೇಲೆ ಸ್ವಲ್ಪ ಉಜ್ಜಿದಂಗೆ ಆಗತ್ತೆ, ಅದು ಸವೆತವಾ ಅಲ್ಲವಾ? ಕಟ್ಟುನಿಟ್ಟಿನೋರು ಹೌದು ಅಂತಾರೆ. ಮಾರ್ಕೆಟ್ ನೋಡಿ ಗ್ರೇಡ್ ಕೊಡೋರು ಒಟ್ಟಾರೆ ನಾಣ್ಯ ಚೆಂದ ಇದ್ರೆ ಅದನ್ನ ಕಂಡೂ ಬಿಟ್ಟು 61, 62 ಕೊಡ್ತಾರೆ. ನಾನು ಕಟ್ಟುನಿಟ್ಟಿನ ಪಕ್ಷ, ಅದನ್ನ ಮುಚ್ಚಿಡಲ್ಲ.

ಆದ್ರೆ ಫ್ರೆಂಡ್ ಹೇಳಿದ್ದನ್ನ ಒಪ್ಪೋಕೆ ಮುಂಚೆ ಒಂದು ನೋಡಿ. ಅದು ಸವೆತವೋ, ಅಚ್ಚು ಸರಿಯಾಗಿ ಒತ್ತದೆ ಇದ್ದಿದ್ದೋ? ಸವೆದಿದ್ರೆ ಎತ್ತರದ ಜಾಗದ ಬಣ್ಣವೇ ಬದಲಾಗಿ ಮಂಕು ಬೂದಿಯಾಗಿರತ್ತೆ, ಮುಟ್ಟಿದ್ರೆ ನುಣುಪು ಅನ್ನೋ ಹಾಗೆ ಕಾಣತ್ತೆ. ಅಚ್ಚು ಒತ್ತದೆ ಇದ್ರೆ ಚಿತ್ರ ಮಸುಕಾಗಿರತ್ತೆ, ಆದ್ರೆ ಲಸ್ಟರ್ ಆ ಜಾಗದ ಮೇಲೂ ಹಾಯ್ದು ಹೋಗತ್ತೆ. ಇವೆರಡನ್ನ ಕಲಸಿಬಿಟ್ಟು ಒಳ್ಳೊಳ್ಳೆ ನಾಣ್ಯ ಬಿಟ್ಟವರನ್ನ ನಾನು ನೋಡಿದ್ದೀನಿ. ಕಂಪನಿಗಳ ಗ್ರೇಡ್ ಮೇಲೇ ಅನುಮಾನ ಬಂದು 2007ರಲ್ಲಿ ಸಿಎಸಿ ಅಂತ ಇನ್ನೊಂದು ಶುರುವಾಯ್ತು, ಅವರು ಸ್ಲ್ಯಾಬ್ ಆದ ಅಮೆರಿಕದ ನಾಣ್ಯಗಳನ್ನ ಮತ್ತೆ ನೋಡಿ ಆ ಗ್ರೇಡಿಗೆ ಗಟ್ಟಿಯಾಗಿ ನಿಲ್ಲೋದಕ್ಕೆ ಮಾತ್ರ ಹಸಿರು ಸ್ಟಿಕರ್ ಅಂಟಿಸೋಕೆ ಶುರು ಮಾಡಿದ್ರು, ಗ್ರೇಡಿನ ಮೇಲೆ ಗ್ರೇಡು! ನಿಮ್ಮ ರೂಪಾಯಿ ನಿಮ್ಮ ಕಣ್ಣಿಗೆ ಹಿಡಿಸಿದ್ರೆ ಇಟ್ಕೊಳ್ಳಿ. ಚೆಂದದ 58 ಒಂದು, ಪೆಟ್ಟು ತಿಂದು ತಿಂದು ಬಂದ 61ಕ್ಕಿಂತ ಎಷ್ಟೋ ಮೇಲು.

ಮಡಗಾಂವ್‌ನಿಂದ: ಅಣ್ಣಾ, ಮೈಸೂರಿನ ಆನೆ ಕಾಸು ಒಂದು ಸಿಕ್ಕಿದೆ, 'ಮಯಿಲಿ ಕಾಸು' ಅಂತ ಕನ್ನಡದಲ್ಲಿದೆ, ಆದ್ರೆ ಅರ್ಧ ಅಕ್ಷರ ನಾಣ್ಯದ ಹೊರಗೇ ಹೋಗಿದೆ. ಮಾರಿದವರು ವಿಎಫ್ ಅಂದ್ರು, ಇಲ್ಲಿನ ಗೆಳೆಯರು ಅರ್ಧ ಇಲ್ಲದ್ದಕ್ಕೆ ಎಂಥ ವಿಎಫ್ ಅಂತ ನಗ್ತಾರೆ.

ಉತ್ತರ: ನಗೋ ವಿಷಯ ಅಲ್ಲ ಅದು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ್ದು, ಮಷೀನಿಂದಲ್ಲ, ಸುತ್ತಿಗೆ ಏಟಿನಿಂದ ಹೊಡೆದಿದ್ದು. ತಾಮ್ರದ ಬಿಲ್ಲೆಗಿಂತ ಅಚ್ಚು ದೊಡ್ಡದಿರ್ತಿತ್ತು, ಏಟು ಎಲ್ಲಿ ಬಿತ್ತೋ ಅಲ್ಲಿಷ್ಟು ಚಿತ್ರ. ಅದು ಹುಟ್ಟುತ್ತಲೇ ಹಾಗಿತ್ತು, ಸವೆದು ಹೋಗಿದ್ದಲ್ಲ. ವಿಕ್ಟೋರಿಯಾ ರೂಪಾಯಿಯ ಅಳತೆ ತಂದು ಇದಕ್ಕೆ ಹಿಡಿಯೋದು ನ್ಯಾಯ ಅಲ್ಲ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಇಂಥದ್ದರಲ್ಲಿ ಸವೆತ ಒಂದು, ನಾಣ್ಯದ ಮೇಲೆ ಚಿತ್ರ ಎಷ್ಟು ಬಂದಿದೆ ಅನ್ನೋದು ಇನ್ನೊಂದು, ಎರಡನ್ನೂ ಬೇರೆ ಬೇರೆ ಬರೀಬೇಕು. ನಿಮ್ಮ ಫೋಟೋದಲ್ಲಿ ಆನೆ ಸೊಂಡಿಲಿಂದ ಬಾಲದವರೆಗೆ ಪೂರ್ತಿ ಬಂದಿದೆ, ಕಾಲಿನ ಮಡಿಕೆ ಕೂಡ ಕಾಣತ್ತೆ. ಸವೆತಕ್ಕೆ ವಿಎಫ್ ಸರಿಯೇ. ಅಕ್ಷರ ಅರ್ಧ ಇಲ್ಲದ್ದಕ್ಕೆ ರೇಟು ಇಳಿಯತ್ತೆ, ಗ್ರೇಡು ಯಾಕೆ ಇಳೀಬೇಕು? ಅಂಥ ಆನೆ ಸಿಕ್ಕಿದ್ದಕ್ಕೆ ನನಗಂತೂ ಖುಷಿಯಾಯ್ತು.

ಠಾಣೆಯಿಂದ: ಇಲ್ಲಿನ ಜಗಳವೇ ಬೇಡ ಅಂತ 1862, 1877, 1903ರ ರೂಪಾಯಿಗಳನ್ನ ಅಮೆರಿಕದಲ್ಲಿರೋ ಮಗನ ಕೈಲಿ ಗ್ರೇಡಿಂಗ್‌ಗೆ ಕಳಿಸಲಾ?

ಉತ್ತರ: ಬೇಡ, ಕಳಿಸ್ಬೇಡಿ. 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ನಾಣ್ಯವೂ ಪುರಾತನ ವಸ್ತುವೇ, ಅಂಥದ್ದನ್ನ ಖಾಸಗಿಯವರು ದೇಶದ ಹೊರಗೆ ಒಯ್ಯೋ ಹಾಗಿಲ್ಲ. ನಿಮ್ಮ ಮೂರೂ ಅದರೊಳಗೆ ಬರತ್ತೆ. ಮಗ ಏರ್‌ಪೋರ್ಟಲ್ಲಿ ಸಿಕ್ಕಿಹಾಕ್ಕೊಂಡ್ರೆ ನಾಣ್ಯವೂ ಹೋಗತ್ತೆ, ಕೇಸೂ ಬೀಳತ್ತೆ. ಒಂದು ದಿನ ಬಿಡುವು ಮಾಡ್ಕೊಂಡು ಅವನನ್ನ ಕರ್ಕೊಂಡು ಫೋರ್ಟಿಗೆ ಹೋಗಿ, ರಿಸರ್ವ್ ಬ್ಯಾಂಕಿನ ನಾಣ್ಯ ಸಂಗ್ರಹಾಲಯ ಇದೆ, 2004ರಲ್ಲಿ ತೆರೆದಿದ್ದು. ಒಳ್ಳೆ ನಾಣ್ಯ ಹೇಗಿರತ್ತೆ ಅಂತ ಗಾಜಿನ ಆಚೆಯಿಂದ ಕಣ್ತುಂಬ ನೋಡ್ಕೊಂಡು ಬಂದು ಆಮೇಲೆ ನಿಮ್ಮದನ್ನ ಬಲ್ಬಿನ ಕೆಳಗೆ ಹಿಡೀರಿ.

ವಾಶಿಯಿಂದ: ಯುಎನ್‌ಸಿ ಅಂತ ತಗೊಂಡ ನಾಣ್ಯದ ಮೇಲೆ ಎರಡೇ ವರ್ಷಕ್ಕೆ ಹಸಿರು ಅಂಟು ಬಂದಿದೆ. ಮಾರಿದವರು ಮೋಸ ಮಾಡಿದ್ರಾ?

ಉತ್ತರ: ಮೋಸ ಅಲ್ಲ ಅನ್ಸತ್ತೆ, ನೀವು ಇಟ್ಟಿರೋ ಆಲ್ಬಮ್ಮಿನ ಮೆತ್ತನೆ ಪ್ಲಾಸ್ಟಿಕ್ಕೇ ಕಾರಣ. ಅದು ಪಿವಿಸಿ, ನಮ್ಮ ಮುಂಬಯಿ ಸೆಕೆಗೆ, ತೇವಕ್ಕೆ ಬೇಗ ಅಂಟು ಬಿಡತ್ತೆ. ಇವತ್ತೇ ಎಲ್ಲಾ ನಾಣ್ಯ ಹೊರಗೆ ತೆಗೆದು ಪಿವಿಸಿ ಇಲ್ಲದ ಮೈಲಾರ್ ಪ್ಲಾಸ್ಟಿಕ್ ಕವರಿಗೆ ಬದಲಾಯಿಸಿ. ಹಸಿರು ಬಂದಿದ್ದನ್ನ ಬಟ್ಟೆಯಲ್ಲಿ ಒರೆಸ್ಬೇಡಿ, ಶುದ್ಧ ಅಸಿಟೋನ್‌ನಲ್ಲಿ ಉಜ್ಜದೆ ನೆನೆಸಿಟ್ಟು ತೆಗೀರಿ, ಕಿಟಕಿ ತೆರೆದಿಟ್ಟು, ಗ್ಯಾಸ್ ಒಲೆಯಿಂದ ದೂರ ಕೂತು. ಅಂಟು ಕೆಳಗಿನ ಲೋಹವನ್ನ ಇನ್ನೂ ತಿಂದಿಲ್ಲ ಅಂದ್ರೆ ಗ್ರೇಡ್ ಉಳಿಯತ್ತೆ.